ಗ್ರಹಗಳು ಹತ್ತಿರ ಬರುವುದನ್ನು ತಿಂಗಳಿಡೀ ನೋಡಬೇಕು

ಎರಡು ಗ್ರಹಗಳು ಆಕಾಶದಲ್ಲಿ ಹತ್ತಿರ ಬರುತ್ತಿವೆ ಅಂತ ಸುದ್ದಿ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ ದಿನ, ಎಷ್ಟು ಗಂಟೆಗೆ? ಆ ದಿನ ಹೊರಗೆ ಬರುತ್ತಾರೆ, ತಲೆ ಎತ್ತಿ ಎರಡು ಚುಕ್ಕಿ ನೋಡುತ್ತಾರೆ, ಒಂದು ಫೋಟೋ ತೆಗೆದು ಒಳಗೆ ಹೋಗುತ್ತಾರೆ. ನೋಡಿದ್ದೇ ಒಳ್ಳೆಯದು ಬಿಡಿ. ಆದರೆ ಗ್ರಹಗಳ ಸಂಯೋಗದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಆ ಒಂದು ಸಂಜೆಯಲ್ಲಿ ಸಿಗುವಂಥದ್ದಲ್ಲ. ಅದಕ್ಕೆ ಮುಂಚಿನ ಕೆಲವು ವಾರ ಮತ್ತು ಆಮೇಲಿನ ಒಂದು ವಾರ ಬೇಕು. ಗ್ರಹಗಳು ನಡೆಯುವುದು ನಮ್ಮ ಬರಿಗಣ್ಣಿಗೇ ಗೊತ್ತಾಗುತ್ತದೆ, ಅದು ಅಪರೂಪ.

2020ರ ಡಿಸೆಂಬರ್ 21ರ ಗುರು-ಶನಿ ಸಂಯೋಗ ನೆನಪಿದೆ ಅಲ್ವಾ? ಅದರ ಬಗ್ಗೆಯೇ ಹೇಳುತ್ತಿದ್ದೇನೆ. ಆ ಸಂಜೆ ಎರಡು ಗ್ರಹಗಳ ನಡುವೆ ಕಾಣುತ್ತಿದ್ದ ಅಂತರ ಸುಮಾರು 6 ಆರ್ಕ್ ಮಿನಿಟ್, ಅಂದರೆ ಒಂದು ಡಿಗ್ರಿಯ ಹತ್ತನೇ ಒಂದು ಭಾಗ. ಹುಣ್ಣಿಮೆ ಚಂದ್ರನ ಅಗಲ ಸುಮಾರು 30 ಆರ್ಕ್ ಮಿನಿಟ್. ಆ ಅಗಲದ ಐದನೇ ಒಂದು ಭಾಗದೊಳಗೆ ಸೌರಮಂಡಲದ ಎರಡು ದೊಡ್ಡ ಗ್ರಹಗಳು ಕೂತಿದ್ದವು.

ನಮ್ಮ ಕೆಲವು ಗೆಳೆಯರು ಇದನ್ನು ಅದಕ್ಕಿಂತ ಬಹಳ ಮುಂಚೆಯೇ ಹಿಂಬಾಲಿಸಲು ಶುರು ಮಾಡಿದ್ದೆವು. ನಾವ್ಯಾರೂ ಖಗೋಳ ವಿಜ್ಞಾನ ಓದಿದವರಲ್ಲ, ಸಂಜೆ ಕೆಲಸ ಮುಗಿಸಿ ಆಕಾಶ ನೋಡುವವರು, ಅಷ್ಟೇ. ನವೆಂಬರ್ ಮೊದಲ ದಿನಗಳಲ್ಲಿ ಅವೆರಡರ ನಡುವೆ ಸುಮಾರು 5 ಡಿಗ್ರಿ ಅಂತರ ಇತ್ತು. ಇದನ್ನು ಅಳೆಯಲು ಯಾವ ಉಪಕರಣವೂ ಬೇಡ. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ ನೋಡಿದರೆ ನಡುವಿನ ಮೂರು ಬೆರಳು ಸೇರಿ ಸುಮಾರು 5 ಡಿಗ್ರಿ, ಹೆಬ್ಬೆರಳು ಸುಮಾರು 2 ಡಿಗ್ರಿ, ಕಿರುಬೆರಳು 1 ಡಿಗ್ರಿ ಮುಚ್ಚುತ್ತದೆ. ಮಕ್ಕಳ ಕೈ ಚಿಕ್ಕದಾದರೂ ತೋಳೂ ಚಿಕ್ಕದೇ, ಹಾಗಾಗಿ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ನವೆಂಬರ್ ಶುರುವಿನಲ್ಲಿ ಮೂರು ಬೆರಳಿನಷ್ಟು ಇದ್ದ ಅಂತರ ಡಿಸೆಂಬರ್ ಬರುವ ಹೊತ್ತಿಗೆ ಹೆಬ್ಬೆರಳಿನ ಅಗಲಕ್ಕೆ ಇಳಿದಿತ್ತು. ಆಮೇಲೆ ಕಿರುಬೆರಳು. ಕೊನೆಗೆ ಯಾವ ಬೆರಳೂ ಅಳತೆಗೆ ಸಿಗದಷ್ಟು ಹತ್ತಿರ.

ಡಿಸೆಂಬರ್‌ನಲ್ಲಿ ದಿನಕ್ಕೆ ಸುಮಾರು ಹತ್ತನೇ ಒಂದು ಡಿಗ್ರಿಯಷ್ಟು ಅಂತರ ಕಡಿಮೆಯಾಗುತ್ತಿತ್ತು. ಕೇಳುವುದಕ್ಕೆ ಇದು ಏನೂ ಅಲ್ಲ ಅನ್ನಿಸಬಹುದು. ಆದರೆ ಅಂತರವೇ ಅರ್ಧ ಡಿಗ್ರಿಗೆ ಬಂದಾಗ ಒಂದೇ ದಿನದ ಬದಲಾವಣೆ ಎದ್ದು ಕಾಣುತ್ತದೆ. ನಿನ್ನೆಯ ಚಿತ್ರ ಇವತ್ತು ಇಲ್ಲ. ಇನ್ನೊಂದು ವಿಷಯ: 21ಕ್ಕೆ ಮುಂಚೆ ಸಂಜೆ ಗುರು ಮೊದಲು ಮುಳುಗುತ್ತಿತ್ತು, ಶನಿ ಅದರ ಹಿಂದೆ ಹೋಗುತ್ತಿತ್ತು. ಕೆಲವೇ ದಿನಗಳಲ್ಲಿ ಕ್ರಮ ತಿರುಗಿತು, ಶನಿ ಮೊದಲು, ಗುರು ಆಮೇಲೆ. ಗುರು ಶನಿಯನ್ನು ದಾಟಿ ಮುಂದೆ ಹೋಗಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಯಾರೋ ಹೇಳಿದ್ದು, ಪುಸ್ತಕದಲ್ಲಿ ಓದಿದ್ದು ಅಲ್ಲ ಇದು, ನಾವೇ ನೋಡಿದ್ದು. ಒಂದೇ ದಿನ ಹೊರಗೆ ಬಂದವರಿಗೆ ಇದು ಕಾಣಿಸಲು ಸಾಧ್ಯವೇ ಇಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇದು ಯಾಕೆ ಹೀಗಾಗುತ್ತದೆ ಅನ್ನುವ ಲೆಕ್ಕ ಬಹಳ ಸುಲಭ, ಕ್ಯಾಲ್ಕುಲೇಟರ್ ಇದ್ದರೆ ಸಾಕು. ಸೂರ್ಯನನ್ನು ಒಂದು ಸುತ್ತು ಹಾಕಲು ಗುರುವಿಗೆ 11.86 ವರ್ಷ ಬೇಕು, ಶನಿಗೆ 29.46 ವರ್ಷ. ಅಂದರೆ ಗುರು ವರ್ಷಕ್ಕೆ ಸುಮಾರು 30.4 ಡಿಗ್ರಿ ಸಾಗುತ್ತದೆ, ಶನಿ 12.2 ಡಿಗ್ರಿ. ಓಟದ ಟ್ರ್ಯಾಕ್‌ನಲ್ಲಿ ಒಳಗಿನ ಸಾಲಿನ ವೇಗದ ಓಟಗಾರ ಹೊರಗಿನ ಸಾಲಿನವನನ್ನು ಮತ್ತೆ ಮತ್ತೆ ಹಿಂದೆ ಹಾಕುವ ಹಾಗೆ, ಗುರು ಪ್ರತಿ ವರ್ಷ ಶನಿಗಿಂತ ಸುಮಾರು 18.1 ಡಿಗ್ರಿ ಹೆಚ್ಚು ಓಡುತ್ತದೆ. 360ನ್ನು 18.1ರಿಂದ ಭಾಗಿಸಿ. ಸುಮಾರು 19.9 ವರ್ಷ ಬರುತ್ತದೆ. ಅದಕ್ಕೇ ಗುರು-ಶನಿ ಸಂಯೋಗ ಹತ್ತಿರ ಹತ್ತಿರ ಇಪ್ಪತ್ತು ವರ್ಷಕ್ಕೊಮ್ಮೆ. ಬರಿಗಣ್ಣಿಗೆ ಚೆನ್ನಾಗಿ ಕಾಣುವ ಗ್ರಹಗಳಲ್ಲಿ ಇವೆರಡೇ ಅತಿ ನಿಧಾನ, ಹಾಗಾಗಿ ಇವುಗಳ ಭೇಟಿಯೇ ಅತಿ ಅಪರೂಪ. ಇದನ್ನು ಮಹಾ ಸಂಯೋಗ ಅಂತ ಕರೆಯುವುದೂ ಅದಕ್ಕೇ.

ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ತಗೊಂಡು ಹೋಗೋಣ, ಅಲ್ಲಿ ಒಂದು ಚಂದದ ಸಂಗತಿ ಇದೆ. ಆ 19.9 ವರ್ಷದಲ್ಲಿ ಶನಿ ಸುಮಾರು 243 ಡಿಗ್ರಿ ಸಾಗಿರುತ್ತದೆ, ಅಂದರೆ ವೃತ್ತದ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪವೇ ಜಾಸ್ತಿ. ಹಾಗಾಗಿ ಒಂದರ ನಂತರ ಒಂದು ಬರುವ ಮೂರು ಸಂಯೋಗಗಳ ಜಾಗಗಳನ್ನು ರಾಶಿಚಕ್ರದಲ್ಲಿ ಗುರುತಿಸಿ ಗೆರೆ ಎಳೆದರೆ ಹೆಚ್ಚುಕಡಿಮೆ ಒಂದು ತ್ರಿಕೋನ ಆಗುತ್ತದೆ. ನಾಲ್ಕನೆಯದು ಮೊದಲನೆಯದರ ಪಕ್ಕದಲ್ಲೇ ಬೀಳುತ್ತದೆ, ಸುಮಾರು 8 ಡಿಗ್ರಿ ಮುಂದೆ. ತ್ರಿಕೋನ ನಿಧಾನವಾಗಿ ತಿರುಗುತ್ತಾ ಹೋಗುತ್ತದೆ. ಖಗೋಳ ವಿಜ್ಞಾನಿ ಜೋಹಾನ್ಸ್ ಕೆಪ್ಲರ್ 1595ರಲ್ಲಿ ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ ಪಾಠ ಮಾಡುವಾಗ ಬರೆದದ್ದು ಇದೇ ತ್ರಿಕೋನಗಳ ಚಿತ್ರ. ಅದನ್ನು ನೋಡುತ್ತಾ ಗ್ರಹಗಳ ಕಕ್ಷೆಗಳು ಇಂಥ ದೂರದಲ್ಲೇ ಯಾಕಿವೆ ಅನ್ನುವ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. ಅವರು ಆಗ ಕೊಟ್ಟ ಉತ್ತರ ಸರಿ ಇರಲಿಲ್ಲ, ಆದರೆ ಆ ಹುಡುಕಾಟ ಬಿಡದೆ ಸಾಗಿ ಕೊನೆಗೆ ಗ್ರಹಚಲನೆಯ ನಿಯಮಗಳವರೆಗೆ ಬಂತು. ನೀವೂ ಒಂದು ಹಾಳೆಯಲ್ಲಿ ವೃತ್ತ ಬರೆದು, ಪ್ರತಿ ಸಲ ಸುಮಾರು 243 ಡಿಗ್ರಿ ಮುಂದೆ ಹೋಗುತ್ತಾ 1961, 1981, 2000, 2020ರ ಜಾಗ ಗುರುತಿಸಿ ನೋಡಿ. ಹತ್ತು ನಿಮಿಷದ ಕೆಲಸ.

ಇಪ್ಪತ್ತು ವರ್ಷಕ್ಕೊಮ್ಮೆ ಆಗುವುದಾದರೆ 2020ರದ್ದರಲ್ಲಿ ಏನು ವಿಶೇಷ ಅಂತ ಕೇಳಬಹುದು. ವಿಶೇಷ ಇರುವುದು ಅಂತರದಲ್ಲಿ. ಭೂಮಿಯ ಕಕ್ಷೆಗೆ ಹೋಲಿಸಿದರೆ ಗುರುವಿನ ಕಕ್ಷೆ ಸುಮಾರು 1.3 ಡಿಗ್ರಿ ವಾಲಿದೆ, ಶನಿಯದ್ದು ಸುಮಾರು 2.5 ಡಿಗ್ರಿ. ಹಾಗಾಗಿ ಎಷ್ಟೋ ಸಲ ಒಂದು ಇನ್ನೊಂದರ ಮೇಲೆ ಒಂದು ಡಿಗ್ರಿಯಷ್ಟು ದೂರದಲ್ಲಿ ದಾಟಿ ಹೋಗುತ್ತದೆ. ನಮ್ಮ ಕಣ್ಣಿಗೆ ಎರಡೂ ದಾರಿಗಳು ಒಂದನ್ನೊಂದು ಕತ್ತರಿಸಿದಂತೆ ಕಾಣುವ ಜಾಗದ ಹತ್ತಿರವೇ ಭೇಟಿಯಾದರೆ ಮಾತ್ರ ಇಷ್ಟು ಸಮೀಪ ಬರುತ್ತವೆ. ಇದಕ್ಕಿಂತ ಹತ್ತಿರ ಬಂದದ್ದು 1623ರ ಜುಲೈ 16ರಂದು. ಗೆಲಿಲಿಯೋ ಇನ್ನೂ ಬದುಕಿದ್ದರು, ಟೆಲಿಸ್ಕೋಪೂ ಬಂದಾಗಿತ್ತು. ಆದರೆ ಗ್ರಹಗಳು ಸೂರ್ಯನಿಂದ ಬರೀ 13 ಡಿಗ್ರಿ ದೂರದಲ್ಲಿದ್ದವು, ಸಂಜೆಯ ಬೆಳಕಿನಲ್ಲಿ ನೋಡುವುದು ಬಹಳ ಕಷ್ಟ. ಕತ್ತಲ ಆಕಾಶದಲ್ಲಿ ಚೆನ್ನಾಗಿ ಕಾಣುವಂತೆ ಇಷ್ಟು ಹತ್ತಿರ ಬಂದದ್ದು ಅಂದರೆ 1226ರ ಮಾರ್ಚ್ 4ರ ಬೆಳಗಿನ ಜಾವ. ನಡುವೆ ಸುಮಾರು 800 ವರ್ಷ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನು ಆ ಸಂಜೆ. ಸೂರ್ಯ ಮುಳುಗಿದ ಮೇಲೆ ನೈಋತ್ಯದಲ್ಲಿ, ಮಕರ ರಾಶಿಯ ನಕ್ಷತ್ರಗಳ ಕಡೆ, ಸಾಕಷ್ಟು ಕೆಳಗೆ ಜೋಡಿ ಕಾಣಿಸಿತು. ಸೂರ್ಯನಿಂದ ಸುಮಾರು 30 ಡಿಗ್ರಿ ದೂರ ಅಷ್ಟೇ, ಹಾಗಾಗಿ ಕತ್ತಲಾಗುವ ಮೊದಲೇ ಹುಡುಕಿ ಇಟ್ಟುಕೊಳ್ಳಬೇಕಿತ್ತು. ಮೊದಲು ಕಂಡದ್ದು ಗುರು. ಶನಿಗಿಂತ ಅದು ಹತ್ತು ಪಟ್ಟಿಗೂ ಹೆಚ್ಚು ಪ್ರಕಾಶವಾಗಿತ್ತು. ಬೆಳಕು ಇಳಿದ ಮೇಲೆ ಅದರ ಪಕ್ಕಕ್ಕೇ ಅಂಟಿಕೊಂಡಂತೆ ಶನಿ ಬಂತು. ಎರಡನ್ನೂ ಬೇರೆ ಬೇರೆಯಾಗಿ ನೋಡಲು ಆಗುತ್ತದಾ ಅನ್ನುವುದೇ ಎಲ್ಲರ ಕುತೂಹಲ. ಸಪ್ತರ್ಷಿ ಮಂಡಲದ ವಸಿಷ್ಠ ಮತ್ತು ಅರುಂಧತಿ ನಡುವಿನ ಅಂತರ ಸುಮಾರು 12 ಆರ್ಕ್ ಮಿನಿಟ್, ಇದು ಅದರ ಅರ್ಧ. ದೃಷ್ಟಿ ಚೆನ್ನಾಗಿದ್ದವರಿಗೆ ಎರಡು ಚುಕ್ಕಿ ಸ್ಪಷ್ಟವಾಗಿ ಕಂಡವು. ನಮ್ಮಲ್ಲಿ ಕೆಲವರಿಗೆ ಉದ್ದನೆಯ ಒಂದೇ ಬೆಳಕಿನ ಹಾಗೆ ಕಂಡಿತು, ಬೈನಾಕ್ಯುಲರ್ ಹಿಡಿದ ಕೂಡಲೇ ಬಿಡಿಸಿಕೊಂಡಿತು.

ಟೆಲಿಸ್ಕೋಪಿನಲ್ಲಿ ಕಂಡದ್ದನ್ನು ಹೇಗೆ ಹೇಳಲಿ! ಸಾಮಾನ್ಯವಾಗಿ ಒಂದು ಗ್ರಹ ನೋಡಿ, ಟೆಲಿಸ್ಕೋಪ್ ತಿರುಗಿಸಿ, ಇನ್ನೊಂದನ್ನು ಹುಡುಕಬೇಕು. ಅವತ್ತು ಒಂದೇ ಐಪೀಸಿನಲ್ಲಿ, ಅಂದರೆ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಮಸೂರದಲ್ಲಿ, ಎಲ್ಲವೂ ಇತ್ತು. ಗುರುವಿನ ಪಟ್ಟೆಗಳು, ಗೆಲಿಲಿಯೋ 1610ರಲ್ಲಿ ಕಂಡ ಅದೇ ಉಪಗ್ರಹಗಳು, ಈ ಕಡೆ ಉಂಗುರ ಹೊತ್ತ ಶನಿ. ಗುರುವಿನ ಅಗಲವೂ ಶನಿಯ ಉಂಗುರದ ಅಗಲವೂ ಹೆಚ್ಚುಕಡಿಮೆ ಒಂದೇ ಕಾಣುತ್ತಿದ್ದದ್ದು ನನಗೆ ತುಂಬಾ ಹಿಡಿಸಿತು. ಉಂಗುರ ನಿಜವಾಗಿ ಗುರುವಿಗಿಂತ ಎಷ್ಟೋ ಅಗಲ, ಆದರೆ ಶನಿ ಇದ್ದದ್ದು ಹೆಚ್ಚುಕಡಿಮೆ ಎರಡು ಪಟ್ಟು ದೂರದಲ್ಲಿ. ಗುರು ನಮ್ಮಿಂದ ಸುಮಾರು 89 ಕೋಟಿ ಕಿ.ಮೀ., ಶನಿ ಸುಮಾರು 162 ಕೋಟಿ ಕಿ.ಮೀ. ಅಂದರೆ ಒಂದೇ ನೋಟದಲ್ಲಿ ಗುರುವಿನ 49 ನಿಮಿಷ ಹಳೆಯ ಬೆಳಕು, ಶನಿಯ ಒಂದೂವರೆ ಗಂಟೆ ಹಳೆಯ ಬೆಳಕು. ಎರಡೂ ಡಿಕ್ಕಿ ಹೊಡೆಯುತ್ತವಾ ಅಂತ ಒಂದು ಮಗು ಕೇಳಿತು. ಅವುಗಳ ನಡುವೆ 73 ಕೋಟಿ ಕಿ.ಮೀ. ಇದೆ, ನಾವು ನೋಡುವ ದಿಕ್ಕು ಮಾತ್ರ ಒಂದೇ ಅಂತ ಹೇಳಿದೆ. ಅರ್ಥವಾಯಿತು. ಇಂಥ ಪ್ರಶ್ನೆಗಳನ್ನು ಬಿಡಬಾರದು, ಅಲ್ಲೇ ಉತ್ತರ ಕೊಡಬೇಕು.

ಕೋವಿಡ್ ಕಾಲ ಅದು. ಒಂದೇ ಐಪೀಸಿಗೆ ಎಲ್ಲರೂ ಕಣ್ಣಿಡುವ ಹಾಗಿರಲಿಲ್ಲ. ಹಾಗಾಗಿ ಮೊಬೈಲನ್ನು ಐಪೀಸಿಗೆ ಕಟ್ಟಿ, ಪರದೆಯಲ್ಲಿ ತೋರಿಸಿದೆವು. ಅಲ್ಲೊಂದು ತೊಡಕು ಇತ್ತು, ಮುಂದೆ ಇಂಥ ಫೋಟೋ ತೆಗೆಯುವವರಿಗೆ ಉಪಯೋಗವಾಗಲಿ ಅಂತ ಹೇಳುತ್ತೇನೆ. ಶನಿಗೆ ಬೀಳುವ ಬಿಸಿಲು ಗುರುವಿಗೆ ಬೀಳುವುದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಗುರುವಿನ ಪಟ್ಟೆ ಕಾಣುವ ಹಾಗೆ ಕ್ಯಾಮೆರಾ ಬೆಳಕು ತಗೊಳ್ಳುವ ಸಮಯ, ಅಂದರೆ ಎಕ್ಸ್‌ಪೋಶರ್ ಇಟ್ಟರೆ ಶನಿ ಮಂಕಾಗುತ್ತದೆ. ಶನಿಗೆ ಸರಿಮಾಡಿದರೆ ಗುರು ಬರೀ ಬಿಳಿ ಉಂಡೆ. ಉಪಗ್ರಹಗಳು ಬೇಕೆಂದರೆ ಇನ್ನೂ ಹೆಚ್ಚು ಎಕ್ಸ್‌ಪೋಶರ್ ಬೇಕು. ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ ತೆಗೆದು ಆಮೇಲೆ ಸೇರಿಸುವುದೇ ದಾರಿ. ಟೆಲಿಸ್ಕೋಪ್ ಇಲ್ಲದಿದ್ದರೂ ಪರವಾಗಿಲ್ಲ. ಮೊಬೈಲನ್ನು ಟ್ರೈಪಾಡ್ ಮೇಲಿಟ್ಟು, ಟೈಮರ್ ಹಾಕಿ, ಒಂದೆರಡು ಸೆಕೆಂಡ್ ಎಕ್ಸ್‌ಪೋಶರ್ ಕೊಟ್ಟರೆ ಎರಡು ಚುಕ್ಕಿ ಸಿಗುತ್ತವೆ. ಪ್ರತಿ ಸಂಜೆ ಒಂದೇ ಜಾಗದಿಂದ ಹೀಗೆ ತೆಗೆದು ಸಾಲಾಗಿ ಜೋಡಿಸಿ. ನನ್ನ ಪ್ರಕಾರ ದೊಡ್ಡ ಲೆನ್ಸಿನ ಒಂದು ಫೋಟೋಗಿಂತ ಈ ಸಾಲೇ ಹೆಚ್ಚು ಹೇಳುತ್ತದೆ.

ಒಂದು ಬೇಸರವನ್ನೂ ಹೇಳಿಬಿಡುತ್ತೇನೆ. ಇಂಥ ಸಮಯದಲ್ಲಿ ಚಂದ್ರನಷ್ಟು ದೊಡ್ಡ ಗ್ರಹಗಳನ್ನು ಅಂಟಿಸಿದ ಚಿತ್ರಗಳು ಎಲ್ಲಾ ಕಡೆ ಹರಿದಾಡುತ್ತವೆ. ಅದನ್ನು ನೋಡಿ ಹೊರಗೆ ಬಂದವರು, ಇಷ್ಟೇನಾ, ಎರಡು ಚುಕ್ಕಿನಾ ಅಂತ ವಾಪಸ್ ಹೋಗುತ್ತಾರೆ. ಆಕಾಶ ಅವರಿಗೆ ಮೋಸ ಮಾಡಿಲ್ಲ, ಚಿತ್ರ ಮಾಡಿದೆ. ಹೊಸಬರನ್ನು ಕರೆಯುವಾಗ ಬರಿಗಣ್ಣಿಗೆ ಏನು ಕಾಣುತ್ತದೆ, ಬೈನಾಕ್ಯುಲರಿನಲ್ಲಿ ಏನು, ಟೆಲಿಸ್ಕೋಪಿನಲ್ಲಿ ಏನು ಅಂತ ಮೊದಲೇ ಹೇಳಿಬಿಟ್ಟರೆ ಅವರಿಗೆ ಖುಷಿ ಜಾಸ್ತಿಯೇ ಆಗುತ್ತದೆ, ಕಡಿಮೆ ಆಗುವುದಿಲ್ಲ.

ಹತ್ತಿರ ಬರುವುದು ಇರಲಿ, ಒಂದು ಗ್ರಹ ಇನ್ನೊಂದನ್ನು ಪೂರ್ತಿ ಮುಚ್ಚುವುದೂ ಉಂಟು. 1737ರ ಮೇ 28ರಂದು ಶುಕ್ರ ಬುಧನನ್ನು ಮರೆಮಾಡಿದ್ದನ್ನು ಇಂಗ್ಲೆಂಡಿನ ಖಗೋಳ ವೀಕ್ಷಕ ಜಾನ್ ಬೆವಿಸ್ ಗ್ರೀನಿಚ್‌ನಲ್ಲಿ ಟೆಲಿಸ್ಕೋಪಿನಿಂದ ನೋಡಿದ್ದರು. 2065ರ ನವೆಂಬರ್ 22ರಂದು ಶುಕ್ರ ಗುರುವಿನ ಮುಂದೆ ಹಾದುಹೋಗಲಿದೆ, ಆದರೆ ಅದೂ ಸೂರ್ಯನ ತೀರಾ ಹತ್ತಿರ.

ಗುರು-ಶನಿ ಮತ್ತೆ 6 ಆರ್ಕ್ ಮಿನಿಟ್‌ನಷ್ಟು ಹತ್ತಿರ ಬರುವುದು 2080ರ ಮಾರ್ಚ್ 15ಕ್ಕೆ. ಅದಕ್ಕೆ ಮುಂಚೆ 2040ರ ಸಂಯೋಗ ಇದೆ, ಅಂತರ ಸುಮಾರು 1.1 ಡಿಗ್ರಿ, ಕಿರುಬೆರಳಿನ ಅಗಲಕ್ಕಿಂತ ಸ್ವಲ್ಪ ಹೆಚ್ಚು. ಆ ವರ್ಷವನ್ನು ಕಡೆಗಣಿಸಬೇಡಿ. 2040ರ ಸೆಪ್ಟೆಂಬರ್ 8ರ ಸಂಜೆ ಪಶ್ಚಿಮದಲ್ಲಿ ಬುಧ, ಶುಕ್ರ, ಮಂಗಳ, ಗುರು, ಶನಿ ಐದೂ ಸುಮಾರು 10 ಡಿಗ್ರಿಯೊಳಗೆ, ಅಂದರೆ ಚಾಚಿದ ಕೈಯ ಒಂದು ಮುಷ್ಟಿಯಷ್ಟು ಜಾಗದಲ್ಲಿ, ಎಳೆ ಚಂದ್ರನ ಜೊತೆ ಸೇರಲಿವೆ. ಆಮೇಲೆ ಗುರು-ಶನಿ ಸೂರ್ಯನ ಬೆಳಕಿನಲ್ಲಿ ಮರೆಯಾಗಿ, ಅಕ್ಟೋಬರ್ ಕೊನೆಯ ಹೊತ್ತಿಗೆ ಬೆಳಗಿನ ಜಾವ ಪೂರ್ವದಲ್ಲಿ ಮತ್ತೆ ಸಿಗುತ್ತವೆ. ಅಲ್ಲಿಯವರೆಗೆ ಅಭ್ಯಾಸಕ್ಕೆ ಶುಕ್ರ-ಗುರು ಜೋಡಿ ಇದೆ, ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಭೇಟಿಯಾಗುತ್ತವೆ, ಶುಕ್ರ ವೇಗದ್ದಾದ್ದರಿಂದ ಅಂತರ ದಿನಕ್ಕೆ ಒಂದು ಡಿಗ್ರಿಯಷ್ಟು ಬದಲಾಗುತ್ತದೆ. ಮುಂದಿನ ಸಲ ಅವು ಹತ್ತಿರ ಬರುತ್ತಿವೆ ಅಂತ ಗೊತ್ತಾದಾಗ ಒಂದು ವಾರ ಮುಂಚೆಯೇ ಬೆರಳಿನಲ್ಲಿ ಅಳೆಯಲು ಶುರು ಮಾಡಿ, ದಿನಾಂಕದ ಜೊತೆ ಒಂದು ಪುಟ್ಟ ಚಿತ್ರ ಬರೆದಿಡಿ.