ಹೂಬತ್ತಿ ಉರಿಯುವಷ್ಟು ಹೊತ್ತು

ದೇವರ ಪೂಜೆಗೆ ಹೊತ್ತೇ ಸಿಗುವುದಿಲ್ಲ ಎನ್ನುವವರು ಒಂದು ದಿನ ಗಡಿಯಾರ ಇಟ್ಟುಕೊಂಡು ನೋಡಬೇಕು. ಬೆಂಕಿಪೊಟ್ಟಣ ಹುಡುಕುವುದು, ನಿನ್ನೆಯ ಬಾಡಿದ ಹೂ ತೆಗೆಯುವುದು, ಜಿಡ್ಡು ಹಿಡಿದ ದೀಪ ತಿಕ್ಕುವುದು, ಬತ್ತಿ ಹೊಸೆಯುವುದು, ಹೂವಿಲ್ಲವೆಂದು ಕೆಳಗಿಳಿದು ಹೋಗಿ ಬರುವುದು. ಇಷ್ಟಕ್ಕೇ ಇಪ್ಪತ್ತು ನಿಮಿಷ ಹೋಗಿರುತ್ತದೆ. ದೇವರ ಮುಂದೆ ಕೂತದ್ದು ಐದು ನಿಮಿಷ, ಅದೂ ಆಫೀಸಿನ ಕ್ಯಾಬ್ ಬಂತೇನೋ ಎಂಬ ಗಾಬರಿಯಲ್ಲಿ. ಪೂಜೆಗೆ ಬೇಕಾದ ಹೊತ್ತು ನಿಜವಾಗಿ ಕಡಿಮೆ. ಅದನ್ನು ತಿಂದುಹಾಕುವುದು ಸಿದ್ಧತೆ. ಆ ಸಿದ್ಧತೆಯನ್ನು ಬೆಳಗಿನಿಂದ ಕಿತ್ತು ಹಿಂದಿನ ರಾತ್ರಿಗೂ ಭಾನುವಾರಕ್ಕೂ ಹಾಕಿಬಿಟ್ಟರೆ, ಬೆಳಗ್ಗೆ ಹದಿನೈದು ನಿಮಿಷ ಪೂರ್ತಿಯಾಗಿ ದೇವರಿಗೇ ಉಳಿಯುತ್ತದೆ.

ಹದಿನೈದು ನಿಮಿಷ ಎಂದದ್ದಕ್ಕೆ ಕಾರಣವಿದೆ. ಅರ್ಧ ಟೀ ಚಮಚ ತುಪ್ಪ ಹೀರಿದ ಒಂದು ಹೂಬತ್ತಿ ಹೆಚ್ಚುಕಡಿಮೆ ಅಷ್ಟು ಹೊತ್ತು ಉರಿಯುತ್ತದೆ. ಅದನ್ನು ಹಚ್ಚಿ ಕೂತರೆ ಮೊಬೈಲಿನಲ್ಲಿ ಟೈಮ್ ನೋಡುವ ಅಗತ್ಯವೇ ಇಲ್ಲ. ಬತ್ತಿ ಸಣ್ಣಗಾಗುತ್ತಾ ಬಂದಾಗ ಮಂಗಳಾರತಿ. ಇನ್ನೊಂದು ಅನುಕೂಲ, ಮನೆಗೆ ಬೀಗ ಹಾಕಿ ಹೊರಡುವ ಹೊತ್ತಿಗೆ ದೀಪ ತಾನಾಗಿ ಶಾಂತವಾಗಿರುತ್ತದೆ. ಎಣ್ಣೆ ತುಂಬಿದ ದೀಪವನ್ನು ಉರಿಯಬಿಟ್ಟು, ಮರದ ಮಂಟಪ ಮತ್ತು ಬಟ್ಟೆಯ ಪರದೆ ಇರುವ ಫ್ಲ್ಯಾಟಿಗೆ ಬೀಗ ಹಾಕಿ ಹೋಗುವುದು ಭಕ್ತಿಯಲ್ಲ, ಅಪಾಯ. ಎಣ್ಣೆ ದೀಪವೇ ಬೇಕೆಂದರೆ ಒಂದೇ ಟೀ ಚಮಚ ಎಳ್ಳೆಣ್ಣೆ ಹಾಕಿ. ಹೊರಡುವಾಗ ಇನ್ನೂ ಉರಿಯುತ್ತಿದ್ದರೆ ಹೂವಿನ ತೊಟ್ಟಿನಿಂದ ಬತ್ತಿಯನ್ನು ಎಣ್ಣೆಯೊಳಕ್ಕೆ ಸರಿಸಿ ಶಾಂತ ಮಾಡಿ. ಬಾಯಿಂದ ಊದಬೇಡಿ.

ಭಾನುವಾರ ಒಮ್ಮೆ ಕೂತರೆ ತಿಂಗಳಿಗಾಗುವಷ್ಟು ತುಪ್ಪದ ಬತ್ತಿ ಮಾಡಿಟ್ಟುಕೊಳ್ಳಬಹುದು. 30 ಹೂಬತ್ತಿಗೆ ಸುಮಾರು 75 ಗ್ರಾಂ ತುಪ್ಪ ಬೇಕು. ತುಪ್ಪ ಕರಗಿರಬೇಕು, ಆದರೆ ಕೈ ತಾಗಿಸಲಾಗದಷ್ಟು ಬಿಸಿ ಇರಬಾರದು. ತೀರಾ ಬಿಸಿಯಾದರೆ ಹತ್ತಿ ಮೆತ್ತಗಾಗಿ ಕುಸಿಯುತ್ತದೆ, ಬತ್ತಿ ನೆಟ್ಟಗೆ ನಿಲ್ಲುವುದಿಲ್ಲ. ಬುಡವನ್ನು ಅದ್ದಿ ತೆಗೆದು, ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ಡಬ್ಬಿಗೆ ಹಾಕಿ. ತುದಿಗೆ ಚೂರು ಪಚ್ಚಕರ್ಪೂರದ ಪುಡಿ ಸವರಿದರೆ ಒಂದೇ ಕಡ್ಡಿಗೆ ಹತ್ತಿಕೊಳ್ಳುತ್ತದೆ. ಅಂಗಡಿಯ ಸಿದ್ಧ ಬತ್ತಿಗಳಲ್ಲಿ ಅಗ್ಗದವು ಎಷ್ಟೋ ವನಸ್ಪತಿಯವು. ಬೆರಳಲ್ಲಿ ಉಜ್ಜಿ ಮೂಸಿ ನೋಡಿದರೆ ಗೊತ್ತಾಗುತ್ತದೆ.

ದೀಪ ಪದೇ ಪದೇ ಆರುವುದರಿಂದಲೇ ಎಷ್ಟೋ ಜನರ ಮನಸ್ಸು ಕೆಡುತ್ತದೆ, ಅಪಶಕುನವೇನೋ ಎಂಬ ಹೆದರಿಕೆ ಬೇರೆ. ಕಾರಣ ಸಾಮಾನ್ಯವಾಗಿ ಮೂರೇ. ತೊಳೆದ ದೀಪವನ್ನು ಒರೆಸದೆ ಎಣ್ಣೆ ಹಾಕಿರುತ್ತೀರಿ, ತಳದ ನೀರಿನ ಹನಿ ಚಟಪಟ ಸಿಡಿದು ಜ್ವಾಲೆ ಸಾಯುತ್ತದೆ. ಅಥವಾ ನಿನ್ನೆಯ ಬತ್ತಿಯ ತುದಿಯ ಕರಿ ತೆಗೆಯದೆ ಮತ್ತೆ ಹಚ್ಚಿರುತ್ತೀರಿ, ಕರಿ ಕಟ್ಟಿದ ಹತ್ತಿ ಎಣ್ಣೆ ಎಳೆಯುವುದಿಲ್ಲ. ಇಲ್ಲವೆ ಒಣ ಬತ್ತಿಯನ್ನು ಇಟ್ಟ ತಕ್ಷಣ ಹಚ್ಚಿರುತ್ತೀರಿ. ಬತ್ತಿ ಪೂರ್ತಿ ಎಣ್ಣೆಯಲ್ಲಿ ನೆನೆಯಬೇಕು, ತುದಿಯನ್ನು ಬೆರಳಲ್ಲಿ ಹಿಂಡಿ ಹೊರಗೆ ಅರ್ಧ ಬೆರಳಗಲ ಬಿಡಬೇಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಹಣತೆಯ ತುಪ್ಪ ಗಟ್ಟಿಯಾಗಿ ಬತ್ತಿಗೆ ಏರದೆ ಆರುವುದೂ ಉಂಟು. ಆ ಎರಡು ತಿಂಗಳು ಹಣತೆಗೆ ಎಳ್ಳೆಣ್ಣೆಯೇ ಸುಖ.

ರಾತ್ರಿ ಅಡುಗೆಮನೆ ಮುಗಿಸುವಾಗಲೇ ದೇವರ ಮನೆಯದನ್ನೂ ಮುಗಿಸಿ. ಪೂಜೆಯ ನೀರಿನ ಪಂಚಪಾತ್ರೆ, ಆ ನೀರೆತ್ತುವ ಪುಟ್ಟ ಚಮಚವಾದ ಉದ್ಧರಣೆ, ಅರ್ಘ್ಯದ ಬಟ್ಟಲು ತೊಳೆದು ಮಗುಚಿ ಹಾಕಿ. ತಾಮ್ರದಲ್ಲಿ ನೀರು ನಿಂತರೆ ಬೆಳಗ್ಗೆಗೆ ಕಲೆ, ನಾಲ್ಕು ದಿನಕ್ಕೆ ಹಸಿರು ಕಿಲುಬು. ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕುವ ಕೆಲಸ ವಾರಕ್ಕೊಮ್ಮೆ ಗುರುವಾರ ರಾತ್ರಿ ಸಾಕು, ಶುಕ್ರವಾರಕ್ಕೆ ಹೊಳೆಯುತ್ತಿರುತ್ತದೆ. ಬೆಳ್ಳಿಗೆ ಹುಣಸೆ ಬೇಡ, ಒಣ ವಿಭೂತಿ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿ. ಒಂದು ಹರಿವಾಣದಲ್ಲಿ ಬತ್ತಿ, ಬೆಂಕಿಪೊಟ್ಟಣ, ಊದುಬತ್ತಿ, ಅಕ್ಷತೆ, ಕುಂಕುಮ, ಎರಡು ಬಿಲ್ಲೆ ಕರ್ಪೂರ, ನೈವೇದ್ಯಕ್ಕೆ ಕಲ್ಲುಸಕ್ಕರೆ ಅಥವಾ ದ್ರಾಕ್ಷಿ ಜೋಡಿಸಿಟ್ಟು ಮುಚ್ಚಿಡಿ. ಈ ತಟ್ಟೆಯ ಮುಂದೆ ಕೂತವರು ಪೂಜೆ ಮುಗಿಯುವ ತನಕ ಏಳಬೇಕಾಗಿ ಬರಬಾರದು. ಏಳುವಂತಾಯಿತೆಂದರೆ ಆ ವಸ್ತು ತಟ್ಟೆಯಲ್ಲಿ ಇರಲಿಲ್ಲವೆಂದೇ ಅರ್ಥ, ಅಂದು ರಾತ್ರಿಯೇ ಅದನ್ನೂ ಸೇರಿಸಿ.

ಹೂವನ್ನು ವಾರಕ್ಕೆ ಎರಡು ಸಲ ತಂದರೆ ಸಾಕು. ಸೇವಂತಿಗೆ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ತಡೆಯುತ್ತದೆ, ಮಲ್ಲಿಗೆ ಎರಡನೆಯ ದಿನಕ್ಕೇ ಕಂದುತ್ತದೆ. ತೊಳೆದು ಇಡಬೇಡಿ. ಹಿಂಡಿದ ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಇಟ್ಟರೆ ಕೊಳೆಯುವುದಿಲ್ಲ. ಹೂ ತಪ್ಪಿದ ದಿನಕ್ಕೆ ತುಳಸಿ, ಬಿಲ್ವ ಇದ್ದೇ ಇವೆ. ಇವೆರಡಕ್ಕೂ ಹಳಸಿದ ದೋಷವಿಲ್ಲವೆಂದು ಶಾಸ್ತ್ರವೇ ಹೇಳಿರುವುದರಿಂದ ಒಣಗಿದ ದಳವನ್ನೂ ಏರಿಸಬಹುದು. ಗಣಪತಿಗೆ ಮಾತ್ರ ತುಳಸಿ ಬೇಡ, ಗರಿಕೆ ಇಡಿ. ಬಾಲ್ಕನಿಯಲ್ಲಿ ಒಂದು ಕುಂಡ ತುಳಸಿ, ಒಂದು ಕುಂಡ ಗರಿಕೆ ಬೆಳೆಸಿಕೊಂಡರೆ ಹೂವಿನ ಚಿಂತೆ ಅರ್ಧ ತೀರಿತು. ತೆಗೆದ ನಿರ್ಮಾಲ್ಯವನ್ನು ಬೇರೆ ಕುಂಡದ ಬುಡಕ್ಕೆ ಹಾಕಿ, ಅಲ್ಲೇ ಗೊಬ್ಬರವಾಗಲಿ.

ಹೇಳಲು ಸ್ವಲ್ಪ ಕಷ್ಟವಾದ ಮಾತೊಂದಿದೆ. ದೇವರ ಮನೆಯಲ್ಲಿ ಪಟಗಳು ಹೆಚ್ಚಾಗಿವೆ. ಹೋದ ಹೋದ ಕ್ಷೇತ್ರದಿಂದ ಒಂದೊಂದು, ಗೃಹಪ್ರವೇಶಕ್ಕೆ ಬಂದ ಉಡುಗೊರೆ ನಾಲ್ಕು, ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು ಎರಡು. ಇಪ್ಪತ್ತು ಪಟಕ್ಕೆ ಒರೆಸಿ, ಕುಂಕುಮ ಇಟ್ಟು, ಹೂ ಸಿಕ್ಕಿಸಲು ತಲಾ ಇಪ್ಪತ್ತು ಸೆಕೆಂಡ್ ಹಿಡಿದರೂ ಏಳು ನಿಮಿಷ ಹೋಯಿತು. ಹದಿನೈದರಲ್ಲಿ ಅರ್ಧ! ನಿತ್ಯಪೂಜೆಗೆ ಗಣಪತಿ, ಮನೆದೇವರು, ನಿಮ್ಮ ಇಷ್ಟದೇವರು, ಈ ಮೂರು ಕೈಗೆಟಕುವಂತೆ ಮುಂದಿರಲಿ. ಉಳಿದವನ್ನು ಗೋಡೆಗೆ ಹಾಕಿ ಶುಕ್ರವಾರ ಅಥವಾ ಶನಿವಾರ ಹೂವಿಡಿ. ಸಾಲಿಗ್ರಾಮವಿರುವ ಮನೆಯ ಮಾತು ಬೇರೆ. ಅದಕ್ಕೆ ದಿನವೂ ಅಭಿಷೇಕ, ನೈವೇದ್ಯ ತಪ್ಪಬಾರದು. ಅಷ್ಟು ನಡೆಸಲಾಗದವರು ಯಾರೋ ಕೊಟ್ಟರೆಂದು ಹೊಸದಾಗಿ ಮನೆಗೆ ತರಬೇಡಿ.

ಇನ್ನು ಆ ಹದಿನೈದು ನಿಮಿಷ. ಸ್ನಾನವಾಗಿ ಕೂತ ಮೇಲೆ ನಿರ್ಮಾಲ್ಯ ತೆಗೆದು ದೀಪ ಹಚ್ಚಿ. ಆಚಮನ: ಕೇಶವಾಯ, ನಾರಾಯಣಾಯ, ಮಾಧವಾಯ ಎಂದು ಮೂರು ಸಲ, ಅಂಗೈಯಲ್ಲಿ ಒಂದು ಉದ್ದಿನಕಾಳು ಮುಳುಗುವಷ್ಟೇ ನೀರು ಹಾಕಿಕೊಂಡು ಕುಡಿಯುವುದು. ಗಣಪತಿಯನ್ನು ನೆನೆದು, ಇಂದು ಇಂಥ ದೇವರ ಪೂಜೆ ಮಾಡುತ್ತೇನೆಂದು ಕನ್ನಡದಲ್ಲೇ ಸಂಕಲ್ಪ ಮಾಡಿಕೊಂಡರೂ ಆಯಿತು. ವಿಗ್ರಹಕ್ಕೆ ಎರಡು ಮೂರು ಉದ್ಧರಣೆ ನೀರಿನ ಅಭಿಷೇಕ ಮಾಡಿ ಒರೆಸಿ. ಆಮೇಲೆ ಪಂಚೋಪಚಾರ: ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ. ಷೋಡಶೋಪಚಾರದ ಹದಿನಾರು ಹಬ್ಬಕ್ಕಿರಲಿ, ನಿತ್ಯಕ್ಕೆ ಈ ಐದು ಸಂಪೂರ್ಣ ಪೂಜೆಯೇ. ಇದರಲ್ಲೂ ಒಂದು ಇಲ್ಲವಾದರೆ ಅದರ ಬದಲಿಗೆ ‘ಅಕ್ಷತಾನ್ ಸಮರ್ಪಯಾಮಿ’ ಎಂದು ಅಕ್ಷತೆ ಹಾಕಲು ಪದ್ಧತಿಯೇ ಅವಕಾಶ ಕೊಟ್ಟಿದೆ. ಅಕ್ಷತೆಗೆ ಮುರಿಯದ ಅಕ್ಕಿ ಒಂದು ಬಟ್ಟಲು, ಕಾಲು ಚಮಚ ಅರಿಶಿನ, ನಾಲ್ಕು ಹನಿ ತುಪ್ಪ. ನೀರು ಹಾಕಿ ಕಲಸಿಟ್ಟರೆ ವಾರದೊಳಗೆ ಬೂಷ್ಟು ಬರುತ್ತದೆ.

ನೈವೇದ್ಯದ ಹೊತ್ತಿನಲ್ಲಿ ಅವಸರ ಮಾಡಬೇಡಿ. ಪ್ರಾಣಾಯ, ಅಪಾನಾಯ, ವ್ಯಾನಾಯ, ಉದಾನಾಯ, ಸಮಾನಾಯ ಸ್ವಾಹಾ ಎಂದು ಐದು ಸಲ ಕೈಯಾಡಿಸಿ ಅರ್ಪಿಸಿದ ಮೇಲೆ ಕಣ್ಣು ಮುಚ್ಚಿ ಅರ್ಧ ನಿಮಿಷ ಸುಮ್ಮನೆ ಕೂತಿರಿ. ಮನೆಗೆ ಬಂದವರಿಗೆ ಬಡಿಸಿ, ಅವರು ತುತ್ತು ಎತ್ತುವ ಮೊದಲೇ ತಟ್ಟೆ ಎಳೆದುಕೊಳ್ಳುತ್ತೇವೆಯೇ? ಈ ಅರ್ಧ ನಿಮಿಷದಲ್ಲಿಯೇ ಪೂಜೆ ಕೆಲಸವಾಗಿರುವುದು ಬಿಟ್ಟು ಪ್ರಾರ್ಥನೆಯಾಗುತ್ತದೆ. ಆ ಹೊತ್ತಿಗೆ ಮೊಬೈಲಿನಲ್ಲಿ ಸುಪ್ರಭಾತವೋ ಸ್ತೋತ್ರವೋ ಓಡುತ್ತಿದ್ದರೆ ನಿಲ್ಲಿಸಿ. ಕಿವಿ ತುಂಬಿರುವಾಗ ಬಾಯಿ, ಮನಸ್ಸು ಎರಡೂ ಆ ಹಾಡಿಗೆ ತಲೆದೂಗಿ ಸುಮ್ಮನಾಗಿಬಿಡುತ್ತವೆ.

ಆಮೇಲೆ ಜಪ. ಓಂ ನಮಃ ಶಿವಾಯ ಎಂಬುದನ್ನು ಅವಸರವಿಲ್ಲದೆ ಹೇಳಿದರೆ ಒಂದಕ್ಕೆ ಎರಡು ಸೆಕೆಂಡ್, 108ಕ್ಕೆ ನಾಲ್ಕು ನಿಮಿಷಕ್ಕೂ ಒಳಗೆ. ಜಪಮಾಲೆ ಇಲ್ಲದವರಿಗೆ ಬಲಗೈ ಸಾಕು. ಉಂಗುರದ ಬೆರಳಿನ ನಡುಗೆರೆಯಿಂದ ಶುರು, ಅದರ ಬುಡ, ಕಿರುಬೆರಳಿನ ಬುಡ, ನಡು, ತುದಿ, ಅಲ್ಲಿಂದ ಉಂಗುರದ ಬೆರಳಿನ ತುದಿ, ನಡುಬೆರಳಿನ ತುದಿ, ತೋರುಬೆರಳಿನ ತುದಿ, ನಡು, ಬುಡ. ಇಲ್ಲಿಗೆ ಹತ್ತು. ನಡುಬೆರಳಿನ ಉಳಿದ ಎರಡು ಗೆರೆ ಮೇರು, ಅಂದರೆ ಜಪಮಾಲೆಯ ತುದಿಮಣಿ ಇದ್ದಂತೆ, ಅದನ್ನು ಎಣಿಸಬಾರದು, ದಾಟಬಾರದು. ಎಡಗೈಯಲ್ಲಿ ಹತ್ತರ ಲೆಕ್ಕ ಇಟ್ಟುಕೊಂಡರೆ ನೂರಾಗುತ್ತದೆ, ಮೇಲೆ ಎಂಟು. ಕೊನೆಗೆ ಒಂದು ಬಿಲ್ಲೆ ಕರ್ಪೂರದ ಮಂಗಳಾರತಿ, ನಮಸ್ಕಾರ, ತೀರ್ಥ.

ತಡವಾಗಿ ಎದ್ದ ದಿನ? ದೀಪ, ಒಂದು ಹೂ, ಹತ್ತು ಜಪ, ನಮಸ್ಕಾರ. ಎರಡು ನಿಮಿಷ. ಇದನ್ನು ಬಿಡಬೇಡಿ. ಹದಿನೈದು ನಿಮಿಷ ಇಲ್ಲವೆಂದು ಪೂರ್ತಿ ಬಿಟ್ಟವರು ಮೂರನೆಯ ದಿನಕ್ಕೆ ನೆನಪನ್ನೇ ಬಿಟ್ಟಿರುತ್ತಾರೆ.

ಇದಕ್ಕೆ ಎದುರಾದ ತಪ್ಪೂ ಇದೆ, ಉತ್ಸಾಹದಲ್ಲಿ ದೊಡ್ಡ ಸಂಕಲ್ಪ ಹೊರುವುದು. ನಾಳೆಯಿಂದ 48 ದಿನ ಲಲಿತಾ ಸಹಸ್ರನಾಮ ಎಂದು ಶುರು ಮಾಡಿ, ಐದನೆಯ ದಿನ ಮೀಟಿಂಗ್ ಬಂದು ತಪ್ಪಿ, ತಪ್ಪಿತೆಂಬ ಅಳುಕಿನಲ್ಲಿ ದೇವರ ಮನೆಯ ಕಡೆಗೇ ಹೋಗದಿರುವುದು. ವಿಷ್ಣು ಸಹಸ್ರನಾಮದ ಪಾರಾಯಣಕ್ಕೆ ಅಭ್ಯಾಸವಿದ್ದವರಿಗೂ ಅರ್ಧ ಗಂಟೆಯ ಹತ್ತಿರ ಬೇಕು. ನಾಮಗಳಿರುವ ಶ್ಲೋಕಗಳು 108, ದಿನಕ್ಕೆ 16ರಂತೆ ಹೇಳಿದರೆ ಆರು ದಿನಕ್ಕೆ 96, ಏಳನೆಯ ದಿನ ಉಳಿದ 12. ಬಾಯಿಗೆ ಕೂರುವ ತನಕ ಹೀಗೆ ನಡೆಸಿ, ಏಕಾದಶಿಯಂದು ಮಾತ್ರ ಪೂರ್ತಿ ಪಾರಾಯಣಕ್ಕೆ ಕೂರಿ. ಸಂಕಲ್ಪ ನಿಮ್ಮ ಅತ್ಯಂತ ಕೆಟ್ಟ ಸೋಮವಾರಕ್ಕೆ ಹೊಂದುವಂತಿರಬೇಕು, ರಜೆಯ ದಿನಕ್ಕಲ್ಲ.

ಸಂಧ್ಯಾವಂದನೆ ಮಾಡುವವರಿಗೆ ಹೊತ್ತೇ ಮುಖ್ಯ. ಬೆಳಗಿನದು ನಕ್ಷತ್ರ ಕಾಣುವಾಗ ಉತ್ತಮ, ನಕ್ಷತ್ರ ಮರೆಯಾದ ಮೇಲೆ ಮಧ್ಯಮ, ಸೂರ್ಯ ಬಂದ ಮೇಲೆ ಅಧಮ. ಅಧಮವೆಂದರೆ ಮಾಡಬಾರದೆಂದಲ್ಲ. ಕಾಲ ಮೀರಿದ್ದಕ್ಕೆ, ಸೂರ್ಯನಿಗೆ ಬೊಗಸೆಯಲ್ಲಿ ನೀರು ಬಿಡುವ ಅರ್ಘ್ಯದ ಜೊತೆಗೆ ಪ್ರಾಯಶ್ಚಿತ್ತಾರ್ಘ್ಯವೊಂದನ್ನು ಸೇರಿಸಿ ಕೊಟ್ಟು ಮುಂದುವರಿಯಲು ವಿಧಿಯಿದೆ. ಬೆಂಗಳೂರಿನಲ್ಲಿ ಸೂರ್ಯೋದಯ ವರ್ಷವಿಡೀ 5.50ರಿಂದ 6.50ರ ನಡುವೆಯೇ ಇರುವುದರಿಂದ ಐದೂವರೆಗೆ ಎದ್ದರೆ ಹೆಚ್ಚಿನ ದಿನ ಹೊತ್ತು ತಪ್ಪುವುದಿಲ್ಲ. 108 ಗಾಯತ್ರಿ ಆಗದ ದಿನ 28, ಅದೂ ಆಗದಿದ್ದರೆ 10. ಅರ್ಘ್ಯವನ್ನು ಮಾತ್ರ ಕತ್ತರಿಸಬೇಡಿ.

ಇಷ್ಟಲಿಂಗ ಧರಿಸಿದವರಿಗೆ ದೇವರ ಮನೆಯ ಹಂಗೇ ಇಲ್ಲ. ಸ್ನಾನ, ವಿಭೂತಿಧಾರಣೆಯಾಗಿ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕೂತರೆ ಹಾಸ್ಟೆಲಿನ ಮಂಚದ ಮೂಲೆಯೂ ಪೂಜೆಯ ತಾಣವೇ. ಪತ್ರೆ ಪುಷ್ಪ ಕಡಿಮೆಯಾದರೂ ನಡೆದೀತು, ದೃಷ್ಟಿ ಲಿಂಗದಲ್ಲಿ ನಿಲ್ಲುವ ಹೊತ್ತನ್ನು ಕಡಿಮೆ ಮಾಡಬೇಡಿ. ಅಂಗೈ ಎದೆಯ ಮಟ್ಟಕ್ಕಿಂತ ಕೆಳಗಿಳಿದರೆ ಕತ್ತು ಬಾಗಿ ಐದೇ ನಿಮಿಷಕ್ಕೆ ನೋವು ಶುರುವಾಗುತ್ತದೆ. ಮೊಣಕೈಗೆ ಆಸರೆ ಕೊಟ್ಟುಕೊಳ್ಳಿ.

ಪ್ರಯಾಣದಲ್ಲಿ ಇರುವವರಿಗೆ ಮಾನಸ ಪೂಜೆ. ಪಂಚಭೂತಗಳೇ ಇಲ್ಲಿ ಉಪಚಾರ. ‘ಲಂ’ ಎಂದು ಪೃಥ್ವಿಯನ್ನು ಗಂಧವಾಗಿ, ‘ಹಂ’ ಎಂದು ಆಕಾಶವನ್ನು ಹೂವಾಗಿ, ‘ಯಂ’ ಎಂದು ವಾಯುವನ್ನು ಧೂಪವಾಗಿ, ‘ರಂ’ ಎಂದು ಅಗ್ನಿಯನ್ನು ದೀಪವಾಗಿ, ‘ವಂ’ ಎಂದು ಅಮೃತವನ್ನು ನೈವೇದ್ಯವಾಗಿ ಕಲ್ಪಿಸಿ ಅರ್ಪಿಸುವುದು. ಮೆಟ್ರೊದಲ್ಲಿ ಎರಡು ನಿಲ್ದಾಣ ದಾಟುವುದರೊಳಗೆ ಮುಗಿಯುತ್ತದೆ. ಗಾಡಿ ಓಡಿಸುವವರು ಕಣ್ಣು ಮುಚ್ಚುವ ಧ್ಯಾನಕ್ಕೆ ಹೋಗಬೇಡಿ, ನಾಮಸ್ಮರಣೆ ಸಾಕು.

ಹೊರದೇಶದಲ್ಲಿರುವ ನಮ್ಮವರಿಗೆ ತೊಡಕು ಎರಡು. ಒಂದು, ಹೊಗೆ ಕಂಡರೆ ಕೂಗುವ ಅಲಾರಂ. ಅದನ್ನು ಬಿಚ್ಚಿಡಬೇಡಿ. ಊದುಬತ್ತಿ, ಕರ್ಪೂರ ಬಿಟ್ಟು ತುಪ್ಪದ ಬತ್ತಿಯಲ್ಲೇ ಆರತಿ ಮಾಡಿ, ಧೂಪದ ಬದಲು ಅಕ್ಷತೆ ಹಾಕಿ. ಇನ್ನೊಂದು, ಸಂಜೆಯ ಹೊತ್ತು. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ, ಡಿಸೆಂಬರಿನಲ್ಲಿ ನಾಲ್ಕಕ್ಕೂ ಮೊದಲೇ. ಊರಿನ ಪಂಚಾಂಗದ ಹೊತ್ತು ಅಲ್ಲಿಗೆ ನಡೆಯದು, ಅಲ್ಲಿಯ ಸೂರ್ಯನನ್ನೇ ನೋಡಿಕೊಳ್ಳಿ.

ಮುಸ್ಸಂಜೆಯ ದೀಪವನ್ನು ಮನೆಯಲ್ಲಿ ಯಾರಿರುತ್ತಾರೋ ಅವರು ಹಚ್ಚಲಿ. ಅಜ್ಜಿಯಿರಬಹುದು, ಶಾಲೆಯಿಂದ ಬಂದ ಮಗುವಿರಬಹುದು, ಮಗುವಾದರೆ ದೊಡ್ಡವರು ಜೊತೆಗಿರಲಿ. ಎಲ್ಲರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಎಂಟೂವರೆಗೆ ಬಂದವರು ಕೈಕಾಲು ಮುಖ ತೊಳೆದು, ಕುಕ್ಕರ್ ಇಟ್ಟು, ಅದು ಕೂಗುವುದರೊಳಗೆ ಒಂದು ಬತ್ತಿ ಹಚ್ಚಿ ಕೂತರಾಯಿತು. ಊಟವಾಗಿ ಪಾತ್ರೆ ತೊಳೆಯುವಾಗ ಪಂಚಪಾತ್ರೆಯನ್ನೂ ತೊಳೆದು ಮಗುಚಿ, ಹರಿವಾಣ ಜೋಡಿಸಿ, ಬತ್ತಿಯ ಡಬ್ಬಿ ತೆಗೆದು ನೋಡಿ. ಹತ್ತಕ್ಕಿಂತ ಕಡಿಮೆ ಉಳಿದಿದ್ದರೆ ಈ ಭಾನುವಾರಕ್ಕೆ ತುಪ್ಪ, ಹತ್ತಿ ಚೀಟಿಯಲ್ಲಿ ಬರೆದುಕೊಳ್ಳಿ.