1230ರ ಲೆಕ್ಕ ಕೊನೆಗೂ ಕೂಡಿಬಂತು: ಎನ್‌ಬಿಎ ಅಂದಾಜಿನ ಶೀಟ್, 2025-26 ಸೀಸನ್‌ಗೆ ಮುಂಚಿನ ಅಪ್‌ಡೇಟ್

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಯಾವ ತಂಡ ಎಷ್ಟು ಮ್ಯಾಚ್ ಗೆಲ್ಲಬಹುದು ಅಂತ ಸೀಸನ್‌ಗೆ ಮುಂಚೆ ಅಂದಾಜು ಮಾಡುವ ಶೀಟ್ ನನ್ನದು. ಅದರಲ್ಲಿ ಮೂವತ್ತು ತಂಡಗಳ ಗೆಲುವನ್ನು ಕೂಡಿಸಿದೆ. ಮೊತ್ತ ಇರಲೇಬೇಕಾದ 1230ರ ಪಕ್ಕದಲ್ಲೇ ಬಂದು ನಿಂತಿತು. ಯಾವ ತಂಡದಿಂದಲೂ ಕೈಯಾರೆ ಏನನ್ನೂ ಕಳೆದಿಲ್ಲ! ಇಡೀ ಮಳೆಗಾಲ ಇದೊಂದರ ಹಿಂದೆಯೇ ಹೋಗಿತ್ತು. ಹಾಗಾಗಿ ಈ ಸಲದ ಬರಹ ಪೂರ್ತಿ ಇದರ ಬಗ್ಗೆಯೇ.

ಮೊದಲ ಹಂತಗಳನ್ನು ಬಿಟ್ಟುಬಿಡುತ್ತೇನೆ. ಪ್ರತಿ ಆಟಗಾರನ ಬಿಪಿಎಂ (ಸರಾಸರಿ ಆಟಗಾರನಿಗಿಂತ ಎಷ್ಟು ಪಾಯಿಂಟ್ ಮೇಲೆ ಅಥವಾ ಕೆಳಗೆ ಅನ್ನುವ ರೇಟಿಂಗ್) ತೆಗೆದುಕೊಳ್ಳುವುದು, ಹಿಂದಿನ ಮೂರು ಸೀಸನ್‌ಗೆ ತೂಕ ಕೊಡುವುದು, ವಯಸ್ಸು ನೋಡಿ ಏರಿಸಿ ಇಳಿಸುವುದು, ನಿಮಿಷಗಳಿಂದ ಗುಣಿಸಿ ತಂಡದ ರೇಟಿಂಗ್ ಮಾಡುವುದು, ಕೊನೆಗೆ ಹೊಡೆದ ಮತ್ತು ಬಿಟ್ಟುಕೊಟ್ಟ ಪಾಯಿಂಟ್‌ಗಳಿಗೆ 14ರ ಘಾತ ಹಾಕುವ ಪೈಥಾಗೊರಿಯನ್ ಸೂತ್ರದಿಂದ ಗೆಲುವು ಎಣಿಸುವುದು. ಈ ಹುಚ್ಚು ಹತ್ತಿದವರಿಗೆ ಇದೆಲ್ಲ ಗೊತ್ತಿರುವುದೇ.

ಕಾಟ ಕೊಟ್ಟಿದ್ದು ಅದರ ನಂತರದ್ದು. ಲೀಗಿನಲ್ಲಿ 30 ತಂಡ, ಪ್ರತಿ ತಂಡಕ್ಕೆ 82 ಮ್ಯಾಚ್. ಒಟ್ಟು 1230 ಮ್ಯಾಚ್, ಅಂದರೆ 1230 ಗೆಲುವು. ಅದಕ್ಕಿಂತ ಒಂದೂ ಜಾಸ್ತಿ ಇರೋಕೆ ಸಾಧ್ಯವಿಲ್ಲ. ಆದರೆ ಅಕ್ಟೋಬರ್‌ನಲ್ಲಿ ರೋಸ್ಟರ್ (ತಂಡದ ಆಟಗಾರರ ಪಟ್ಟಿ) ನೋಡಿ ನಿಮಿಷ ಹಂಚಿದರೆ ಮೊತ್ತ ಯಾವಾಗಲೂ ಮೇಲೆಯೇ ಹೋಗುತ್ತದೆ. ಎಷ್ಟು ಮೇಲೆ ಅಂತ ಒಂದು ಲೆಕ್ಕ ಹಾಕಿ ನೋಡಿ. ಸರಾಸರಿ ತಂಡ 114 ಪಾಯಿಂಟ್ ಬಿಟ್ಟುಕೊಟ್ಟು 115 ಹೊಡೆಯುತ್ತದೆ ಅಂದುಕೊಳ್ಳಿ. ಒಂದೇ ಪಾಯಿಂಟ್ ವ್ಯತ್ಯಾಸ. 14ರ ಘಾತ ಹಾಕಿದರೆ 41 ಗೆಲುವಿನ ಬದಲು ಸುಮಾರು 43.5 ಬರುತ್ತದೆ. ಮೂವತ್ತು ತಂಡಕ್ಕೆ 75 ಗೆಲುವು ಜಾಸ್ತಿ! ಇಷ್ಟು ಗೆಲುವು ಹಂಚಬೇಕಾದರೆ ಸೋಲೋಕೆ ಇನ್ನೊಂದು ಲೀಗನ್ನೇ ಕರೆಸಬೇಕು.

ಯಾಕೆ ಹೀಗಾಗುತ್ತದೆ? ಸೀಸನ್ ಶುರುವಾಗುವ ಮುಂಚೆ ಎಲ್ಲ ತಂಡದ ಸ್ಟಾರ್‌ಗಳೂ ಆರೋಗ್ಯವಾಗಿರುತ್ತಾರೆ. ನಾವು ಅವರಿಗೆ ಮ್ಯಾಚಿಗೆ 35 ನಿಮಿಷ, ಎಪ್ಪತ್ತೆಂಟೋ ಎಂಬತ್ತೋ ಮ್ಯಾಚ್ ಬರೆದುಬಿಡುತ್ತೇವೆ. ಬೆಂಚಿನ ಕೊನೆಯಲ್ಲಿ ಕೂತವರಿಗೆ ಸೊನ್ನೆ. ಸೀಸನ್ ಮುಗಿಯುವ ಏಪ್ರಿಲ್ ಹೊತ್ತಿಗೆ ನಿಜವಾಗಿ ಆಗುವುದೇ ಬೇರೆ. ಗಾಯ ಆದಾಗ ನಿಮಿಷಗಳು ಒಂದೇ ದಿಕ್ಕಿಗೆ ಹರಿಯುತ್ತವೆ, ಚೆನ್ನಾಗಿ ಆಡುವವರಿಂದ ಅಷ್ಟು ಚೆನ್ನಾಗಿ ಆಡದವರ ಕಡೆಗೆ. ಉಲ್ಟಾ ಹರಿಯುವುದು ಬಹಳ ಅಪರೂಪ.

ರೇಟಿಂಗ್ ಹಾಗೇ ಇಟ್ಟುಕೊಂಡು ವೇಳಾಪಟ್ಟಿಯ ಪ್ರಕಾರ ಮ್ಯಾಚ್ ಆಡಿಸಿದರೆ ಮೊತ್ತ ತಾನಾಗಿಯೇ 1230 ಬರುತ್ತದಲ್ಲ ಅಂತ ಕೆಲವರು ಹೇಳುತ್ತಾರೆ. ಬರುತ್ತದೆ ನಿಜ. ಪ್ರತಿ ಮ್ಯಾಚಿನಲ್ಲಿ ಒಬ್ಬರು ಗೆಲ್ಲಲೇಬೇಕಲ್ವಾ. ಆದರೆ ಅಲ್ಲಿ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಅದಕ್ಕೇ ನಾನು ಮೊದಲು ತಂಡಗಳ ರೇಟಿಂಗ್‌ಗಳ ಸರಾಸರಿ ನೋಡುತ್ತೇನೆ. ಅದು ಸೊನ್ನೆ ಇರಬೇಕು. ಇಲ್ಲದಿದ್ದರೆ ನಿಮಿಷಗಳ ಲೆಕ್ಕದಲ್ಲಿ ಎಲ್ಲೋ ಜಾಸ್ತಿ ಆಸೆ ಸೇರಿಕೊಂಡಿದೆ ಅಂತ ಅರ್ಥ.

ಎಲ್ಲರೂ ಮಾಡುವ ಸುಲಭದ ಉಪಾಯ ಒಂದಿದೆ. ಜಾಸ್ತಿ ಬಂದಿದ್ದನ್ನು ಮೂವತ್ತರಿಂದ ಭಾಗಿಸಿ, ಎಲ್ಲ ತಂಡದಿಂದಲೂ ಸಮನಾಗಿ ಕಳೆಯುವುದು. ಮೊತ್ತ ಸರಿಹೋಗುತ್ತದೆ. ಆದರೆ ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಒಕ್ಲಹೋಮ ಸಿಟಿ ಥಂಡರ್ ಮತ್ತು ಫಿಲಡೆಲ್ಫಿಯಾ 76ರ್ಸ್ ತಂಡಗಳನ್ನೇ ನೋಡಿ. 2024-25ರಲ್ಲಿ ಥಂಡರ್‌ನ ಚೆಟ್ ಹೋಮ್‌ಗ್ರೆನ್ ಆಡಿದ್ದು ಬರೀ 32 ಮ್ಯಾಚ್. ಐಸಯಾ ಹಾರ್ಟನ್‌ಸ್ಟೈನ್ ಆಡಿದ್ದು 57. ಇಬ್ಬರು ಎತ್ತರದವರು ಇಷ್ಟು ಮ್ಯಾಚ್ ತಪ್ಪಿಸಿಕೊಂಡರೂ ತಂಡ 68 ಮ್ಯಾಚ್ ಗೆದ್ದಿತು, ಚಾಂಪಿಯನ್ ಕೂಡ ಆಯಿತು. ಅದೇ ಸೀಸನ್‌ನಲ್ಲಿ ಫಿಲಡೆಲ್ಫಿಯಾದ ಜೊಯೆಲ್ ಎಂಬೀಡ್ 19, ಪಾಲ್ ಜಾರ್ಜ್ 41, ಟೈರೀಸ್ ಮ್ಯಾಕ್ಸಿ 52 ಮ್ಯಾಚ್ ಆಡಿದರು. ತಂಡ ಗೆದ್ದಿದ್ದು 24. ಈ ಎರಡು ತಂಡಗಳಿಂದ ಒಂದೇ ಅಳತೆಯಲ್ಲಿ ಕಳೆಯುವುದು ಯಾವ ನ್ಯಾಯ?

ಈಗ ಲೆಕ್ಕಕ್ಕೆ ಬರೋಣ. ಒಬ್ಬ ಸ್ಟಾರ್ ಇದ್ದಾರೆ, ರೇಟಿಂಗ್ +6. ಮ್ಯಾಚಿಗೆ 35 ನಿಮಿಷದಂತೆ 82 ಮ್ಯಾಚ್ ಆಡಿದರೆ 2870 ನಿಮಿಷ. 65 ಮ್ಯಾಚ್ ಆಡಿದರೆ 2275. ವ್ಯತ್ಯಾಸ 595 ನಿಮಿಷ. ಸೀಸನ್‌ನ ಒಟ್ಟು ಆಟದ ಸಮಯ 3936 ನಿಮಿಷ, ಅದರಲ್ಲಿ ಇದು ಶೇ. 15. ಆ ಹೊತ್ತು ಬಿಪಿಎಂ ಪದ್ಧತಿಯ ರೀಪ್ಲೇಸ್‌ಮೆಂಟ್ ಮಟ್ಟದ, ಅಂದರೆ ಸುಲಭವಾಗಿ ಸಿಗುವ -2 ರೇಟಿಂಗ್‌ನ ಬದಲಿ ಆಟಗಾರ ಆಡಿದರೆ ನಷ್ಟ ಸುಮಾರು 1.2 ಪಾಯಿಂಟ್. ಗೆಲುವಿನ ಲೆಕ್ಕದಲ್ಲಿ ಮೂರು. ಅದೇ ಜಾಗಕ್ಕೆ ಸೊನ್ನೆ ರೇಟಿಂಗ್‌ನ ಒಳ್ಳೆಯ ಬದಲಿ ಆಟಗಾರ ಬಂದರೆ ನಷ್ಟ ಎರಡಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಒಬ್ಬರ ವಿಷಯದಲ್ಲಿ ಇದು ಸಣ್ಣದು. ಮೂವರು ಸ್ಟಾರ್‌ಗಳು, ಖಾಲಿ ಬೆಂಚು, ಜೊತೆಗೆ ಮೂವರಿಗೂ ಗಾಯದ ಇತಿಹಾಸ ಇದ್ದರೆ ಇಡೀ ಸೀಸನ್ ಕೈಬಿಟ್ಟು ಹೋಗುತ್ತದೆ.

ಹಾಗಾಗಿ ಪ್ರತಿ ಆಟಗಾರನಿಗೂ ಒಂದೇ ಸಂಖ್ಯೆಯ ನಿಮಿಷ ಬರೆಯುವುದನ್ನು ನಿಲ್ಲಿಸಿದೆ. ಅದರ ಬದಲು ಸೀಸನ್ ಅನ್ನೇ ಸಾವಿರಾರು ಸಲ ಓಡಿಸುತ್ತೇನೆ. ಪ್ರತಿ ಸಲವೂ ಯಾರು ಯಾವಾಗ ಹೊರಗಿರುತ್ತಾರೆ ಅನ್ನುವುದನ್ನು ಕೋಡ್ ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತದೆ. ಕ್ಯೂನಲ್ಲಿ ಒಬ್ಬರು ಹೊರಗೆ ಬಂದರೆ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬರುವ ಹಾಗೆ ನಿಮಿಷಗಳು ಸರಿಯುತ್ತವೆ. ಬೆಂಚಿನಿಂದ ಮೊದಲು ಬರುತ್ತಿದ್ದವರು ಆರಂಭದ ಐವರಲ್ಲಿ ಸೇರುತ್ತಾರೆ, ಅವರ ಜಾಗಕ್ಕೆ ಹತ್ತನೆಯವರು ಬರುತ್ತಾರೆ. ನಿಜವಾದ ನಷ್ಟ ಇರುವುದು ಆ ಕೊನೆಯ ಹೆಜ್ಜೆಯಲ್ಲಿ. ಹತ್ತನೆಯ, ಹನ್ನೊಂದನೆಯ ಆಟಗಾರ ಯಾರು ಅನ್ನುವುದನ್ನು ಸೀಸನ್ ಮುನ್ನೋಟಗಳಲ್ಲಿ ಯಾರೂ ಬರೆಯುವುದಿಲ್ಲ. ಬರೆಯಬೇಕು.

ಎರಡು ವಿಷಯ ಸೇರಿಸಿದ ಮೇಲೆ ಇದು ಕೂತಿತು. ಮೊದಲನೆಯದು, ತಪ್ಪುವ ಮ್ಯಾಚ್‌ಗಳು ಬಿಡಿಬಿಡಿಯಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ. ವಾರಕ್ಕೊಂದು ಮ್ಯಾಚ್ ತಪ್ಪುವುದೇ ಬೇರೆ, ಜನವರಿಯಲ್ಲಿ ಗಾಯವಾಗಿ ಮಾರ್ಚ್‌ವರೆಗೆ ಇಲ್ಲದಿರುವುದೇ ಬೇರೆ. ಗುಂಪಾಗಿ ಬಂದಾಗ ಇಬ್ಬರು ಸ್ಟಾರ್‌ಗಳ ಗೈರು ಒಂದರ ಮೇಲೊಂದು ಬೀಳುತ್ತದೆ, ಸೀಸನ್‌ನ ಕೆಳಗಿನ ಅಂಚು ಇನ್ನೂ ಕೆಳಗೆ ಹೋಗುತ್ತದೆ. ಎರಡನೆಯದು, ಸ್ಥಾನ. ಬುಟ್ಟಿಯ ಹತ್ತಿರ ಆಡುವ ಎತ್ತರದ ಸೆಂಟರ್ ಇಲ್ಲದಾಗ ಚೆಂಡು ನಡೆಸುವ ಗಾರ್ಡ್‌ನ ನಿಮಿಷ ಹೆಚ್ಚಿಸಿದರೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಅಂಕಣದಲ್ಲಿ ರಿಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡು) ಸಿಗುವುದಿಲ್ಲ. ಈಗ ಗಾರ್ಡ್, ವಿಂಗ್ (ಬದಿಯಲ್ಲಿ ಆಡುವವರು), ಬಿಗ್ (ಎತ್ತರದವರು) ಅಂತ ಮೂರು ಸಾಲು ಮಾಡಿದ್ದೇನೆ. ವಿಂಗ್‌ನವರು ಅಕ್ಕಪಕ್ಕದ ಸಾಲಿಗೆ ಸ್ವಲ್ಪ ಮಟ್ಟಿಗೆ ಹೋಗಬಹುದು.

ಇಷ್ಟಾದ ಮೇಲೆ ಸರಾಸರಿ ರೇಟಿಂಗ್ ಸೊನ್ನೆಯ ಹತ್ತಿರ ಬಂತು. ಆ ಜಾಸ್ತಿ ಗೆಲುವುಗಳು ಎಲ್ಲಿಂದ ಹೋಗಬೇಕೋ ಅಲ್ಲಿಂದಲೇ ಹೋದವು. ಹೋದ ವರ್ಷದ ರೋಸ್ಟರ್ ಹಾಕಿ ಓಡಿಸಿದಾಗ ಥಂಡರ್ ಕಳೆದುಕೊಂಡಿದ್ದು ತೀರಾ ಕಡಿಮೆ. ಫಿಲಡೆಲ್ಫಿಯಾ ಕಳೆದುಕೊಂಡಿದ್ದು ಬಹಳ. ಅಂದು ರಾತ್ರಿ ಖುಷಿಗೆ ನಿದ್ದೆಯೇ ಬರಲಿಲ್ಲ.

ಡೇಟಾ ಮಾರುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾರು ಯಾವ ಮ್ಯಾಚಿಗೆ ಯಾಕೆ ಇರಲಿಲ್ಲ ಅನ್ನುವ ಪಟ್ಟಿಯನ್ನು ದುಡ್ಡು ಕೊಟ್ಟು ತರಿಸಿಕೊಂಡೆ. ಮಂಡಿ ನೋವು, ವಿಶ್ರಾಂತಿ, ಅಮಾನತು, ಮನೆಯ ಕಾರಣ ಎಲ್ಲವನ್ನೂ ಒಂದೇ ಕಾಲಮ್‌ಗೆ ತುರುಕಿ ಕಳಿಸಿದ್ದಾರೆ. ಮಂಡಿ ನೋವು ಮುಂದಿನ ವರ್ಷಕ್ಕೂ ಸುಳಿವು ಕೊಡುತ್ತದೆ, ಅಮಾನತು ಕೊಡುವುದಿಲ್ಲ. ಬೇರೆ ಬೇರೆ ಮಾಡದೆ ಅದನ್ನು ಏನು ಮಾಡುವುದು? ಸೆಪ್ಟೆಂಬರ್‌ನಲ್ಲಿ ಹೇಳದೆ ಕೇಳದೆ ಕಾಲಮ್ ಹೆಸರುಗಳನ್ನೂ ಬದಲಾಯಿಸಿದರು. ಪತ್ರ ಬರೆದರೆ ಉತ್ತರವಿಲ್ಲ. ಯೋಕಿಚ್, ಡಾಂಚಿಚ್, ಶೆಂಗುನ್ ತರಹದ ಆಟಗಾರರ ಹೆಸರುಗಳ ಮೇಲಿನ ಚಿಹ್ನೆಗಳು ಒಂದು ಫೈಲಿನಲ್ಲಿ ಇವೆ, ಇನ್ನೊಂದರಲ್ಲಿ ಇಲ್ಲ. ಹೆಸರಿನ ಬದಲು ಆಟಗಾರರ ಐಡಿ ಕೊಟ್ಟಿದ್ದರೆ ಎಲ್ಲರ ಸಮಯ ಉಳಿಯುತ್ತಿತ್ತು. ಕೊನೆಗೆ ಆ ಪಟ್ಟಿಯನ್ನು ಬದಿಗಿಟ್ಟು, ಪ್ರತಿ ಮ್ಯಾಚಿನ ಅಂಕಿಅಂಶದ ಪಟ್ಟಿಯಾದ ಬಾಕ್ಸ್ ಸ್ಕೋರ್‌ನಿಂದಲೇ ಯಾರು ಆಡಿಲ್ಲ ಅಂತ ತೆಗೆದೆ. ಕಾರಣ ಸಿಗುವುದಿಲ್ಲ, ಆದರೆ ನಂಬಬಹುದು.

ಈಗ 2025-26ಕ್ಕೆ ಬರೋಣ. ಹೊಸ ಶೀಟ್ ಅತಿ ಹೆಚ್ಚು ಅಲ್ಲಾಡಿಸಿದ ತಂಡಗಳನ್ನು ಮಾತ್ರ ಹೇಳುತ್ತೇನೆ.

ಬಾಸ್ಟನ್ ಮತ್ತು ಇಂಡಿಯಾನಾದಲ್ಲಿ ಚೀಟಿ ಎತ್ತುವ ಕೆಲಸವೇ ಇಲ್ಲ. ಬಾಸ್ಟನ್‌ನ ಜೇಸನ್ ಟೇಟಮ್ 2025ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಆಡುವಾಗ ಅಕಿಲೀಸ್ (ಹಿಮ್ಮಡಿಯ ಸ್ನಾಯುರಜ್ಜು) ಹರಿದುಕೊಂಡರು. ಇಂಡಿಯಾನಾ ಪೇಸರ್ಸ್‌ನ ಟೈರೀಸ್ ಹ್ಯಾಲಿಬರ್ಟನ್ ಫೈನಲ್‌ನ ಏಳನೇ ಮ್ಯಾಚಿನಲ್ಲಿ. ಹ್ಯಾಲಿಬರ್ಟನ್ ಈ ಸೀಸನ್ ಪೂರ್ತಿ ಆಡುವುದಿಲ್ಲ ಅಂತ ಪೇಸರ್ಸ್ ಹೇಳಿಬಿಟ್ಟಿದೆ, ಹಾಗಾಗಿ ಸೊನ್ನೆ. ಟೇಟಮ್‌ಗೆ ಕೊನೆಯ ಕೆಲವು ವಾರಗಳಲ್ಲಿ ಮಾತ್ರ ಸಣ್ಣ ಅವಕಾಶ ಇಟ್ಟಿದ್ದೇನೆ. ಹೋದ ಸೀಸನ್ ಅವರು 72 ಮ್ಯಾಚ್‌ಗಳಲ್ಲಿ ಸರಾಸರಿ 36.4 ನಿಮಿಷ ಆಡಿದ್ದರು, ಅಂದರೆ 2600ಕ್ಕೂ ಜಾಸ್ತಿ ನಿಮಿಷ. ಅದನ್ನು ತುಂಬಬೇಕಾದ ತಂಡದಲ್ಲಿ ಈಗ ಹಾಲಿಡೇ ಇಲ್ಲ, ಪೋರ್ಜಿಂಗಿಸ್ ಇಲ್ಲ, ಹಾರ್ಫರ್ಡ್ ಇಲ್ಲ, ಕಾರ್ನೆಟ್ ಕೂಡ ಇಲ್ಲ. ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿರುವ ಎರಡನೇ ಏಪ್ರನ್ ಅನ್ನುವ ಗಡಿಯ ದಂಡದಿಂದ ತಪ್ಪಿಸಿಕೊಳ್ಳೋಕೆ ಸಂಬಳದ ಭಾರ ಇಳಿಸಿದರು. ಬಿಗ್ ಸಾಲು ಪೂರ್ತಿ ಬರಿದಾಗಿದೆ. ಜೇಲೆನ್ ಬ್ರೌನ್, ಡೆರಿಕ್ ವೈಟ್, ಪ್ರಿಚರ್ಡ್ ಎಷ್ಟೇ ಚೆನ್ನಾಗಿ ಆಡಿದರೂ ಹೋದ ವರ್ಷದ 61 ಗೆಲುವು ಈ ವರ್ಷ ಬಹಳ ದೂರ.

ಹ್ಯೂಸ್ಟನ್ ಬಗ್ಗೆ ನನಗೆ ಬೇಜಾರಿದೆ. 52 ಗೆದ್ದ ತಂಡಕ್ಕೆ ಕೆವಿನ್ ಡ್ಯುರಾಂಟ್ ಬಂದರು. ಅಷ್ಟರಲ್ಲಿ ಸೆಪ್ಟೆಂಬರ್‌ನಲ್ಲಿ ಫ್ರೆಡ್ ವ್ಯಾನ್‌ವ್ಲೀಟ್‌ಗೆ ಮಂಡಿಯ ಎಸಿಎಲ್ ಅಸ್ಥಿರಜ್ಜು ಹರಿಯಿತು. ಗಾರ್ಡ್ ಸಾಲಿನಲ್ಲಿ ಈಗ ಆಮೆನ್ ಥಾಂಪ್ಸನ್ ಮೇಲೆ ಭಾರ, ಅವರ ಹಿಂದೆ ರೀಡ್ ಶೆಪರ್ಡ್. ಶೆಪರ್ಡ್ ಮೊದಲ ವರ್ಷ ಆಡಿದ ನಿಮಿಷವೇ ಕಡಿಮೆ, ಹಾಗಾಗಿ ಅವರ ರೇಟಿಂಗ್ ಅನ್ನು ಶೀಟ್ ಸರಾಸರಿಯ ಕಡೆಗೆ ಜೋರಾಗಿ ಎಳೆಯುತ್ತದೆ. ಡ್ಯುರಾಂಟ್‌ಗೆ 37 ವರ್ಷ. ಮೇಲಿನ ಅಂಚು ಬಹಳ ಚೆನ್ನಾಗಿದೆ, ಕೆಳಗಿನ ಅಂಚು ನೋಡಿದರೆ ಹೆದರಿಕೆಯಾಗುತ್ತದೆ.

ಡೆನ್ವರ್ ಉಲ್ಟಾ. ಅಲ್ಲಿನ ಸ್ಟಾರ್ ಸೆಂಟರ್ ಯೋಕಿಚ್ ಬೆಂಚಿಗೆ ಹೋದ ಕೂಡಲೇ ತಂಡ ಕುಸಿಯುವುದನ್ನು ವರ್ಷಗಳಿಂದ ನೋಡಿದ್ದೇವೆ. ಈಗ ಅವರ ಹಿಂದೆ ಯೋನಸ್ ವಲಾಂಚೂನಸ್ ಇದ್ದಾರೆ. ಬ್ರೂಸ್ ಬ್ರೌನ್ ವಾಪಸ್ ಬಂದಿದ್ದಾರೆ, ಕ್ಯಾಮ್ ಜಾನ್ಸನ್ ಬಂದಿದ್ದಾರೆ. ಹಳೆಯ ರೀತಿಯ ಮುನ್ನೋಟದಲ್ಲಿ ಬೆಂಚಿನವರಿಂದ ಬರುವ ಲಾಭ ಕಾಣುವುದೇ ಇಲ್ಲ. ನನ್ನ ಶೀಟ್‌ನಲ್ಲಿ ಸುಲಭದ ಉಪಾಯಕ್ಕಿಂತ ಹೆಚ್ಚು ಮೇಲೆ ಬಂದ ತಂಡಗಳಲ್ಲಿ ಡೆನ್ವರ್ ಒಂದು.

ಆರ್ಲಾಂಡೊ ನನ್ನ ಮೆಚ್ಚಿನ ಪ್ರಕರಣ. ಹೋದ ಸೀಸನ್ ಪೌಲೊ ಬ್ಯಾಂಕೆರೊ 46, ಫ್ರಾಂಜ್ ವಾಗ್ನರ್ 60, ಜೇಲೆನ್ ಸಗ್ಸ್ 35 ಮ್ಯಾಚ್ ಆಡಿದರು. ಆದರೂ 41 ಗೆಲುವು, 41 ಸೋಲು. ಬರೀ 41 ನೋಡಿದವರಿಗೆ ಅದು ಸಾಧಾರಣ ತಂಡ. ಮೂವರಿಗೂ ಸಾಮಾನ್ಯ ಮಟ್ಟದ ಆರೋಗ್ಯ ಕೊಟ್ಟು, ಮೆಂಫಿಸ್‌ನಿಂದ ಬಂದ ಡೆಸ್ಮಂಡ್ ಬೇನ್ ಅವರ ಮೂರು ಪಾಯಿಂಟ್ ಶಾಟ್ ಸೇರಿಸಿ ನೋಡಿ. ಪೂರ್ವ ವಿಭಾಗದ ಮೊದಲ ನಾಲ್ಕರಲ್ಲಿ ಇಲ್ಲದ ಸೀಸನ್ ಹುಡುಕಬೇಕಾಗುತ್ತದೆ.

ಫಿಲಡೆಲ್ಫಿಯಾಕ್ಕೆ ಒಂದು ಸಂಖ್ಯೆ ಬರೆಯುವುದನ್ನೇ ಬಿಟ್ಟಿದ್ದೇನೆ. ಐವತ್ತರ ಹತ್ತಿರ ಹೋಗುವ ಸೀಸನ್‌ಗಳೂ ಇವೆ, ಮೂವತ್ತು ದಾಟದ ಸೀಸನ್‌ಗಳೂ ಇವೆ. ಎಂಬೀಡ್ 2022-23ರಲ್ಲಿ 66 ಮ್ಯಾಚ್ ಆಡಿದ್ದರು, ಆಮೇಲೆ 39, ಆಮೇಲೆ 19. ಈ ಇಳಿಜಾರಿನ ಮುಂದಿನ ಮೆಟ್ಟಿಲು ಯಾವುದು ಅಂತ ಸರಾಸರಿಯಿಂದ ಹೇಳಿದರೆ ಓದುವವರಿಗೆ ಏನೂ ಸಿಗುವುದಿಲ್ಲ. ಹರವನ್ನೇ ಕೊಡುವುದು ಒಳ್ಳೆಯದು.

ಥಂಡರ್? ಜೇಲೆನ್ ವಿಲಿಯಮ್ಸ್ ಮಣಿಕಟ್ಟಿನ ಶಸ್ತ್ರಚಿಕಿತ್ಸೆಯ ನಂತರ ಶುರುವಿನಲ್ಲಿ ಇರುವುದಿಲ್ಲ. ಆದರೂ ಮೊದಲ ಸ್ಥಾನ ಅಲ್ಲಾಡಲಿಲ್ಲ.

ಈ ಬದಲಾವಣೆಯಿಂದ ಬಗೆಹರಿಯದ್ದು ಡೆಟ್ರಾಯ್ಟ್. 2023-24ರಲ್ಲಿ ಸತತ 28 ಸೋಲು, ಕೊನೆಗೆ 14-68. ಮುಂದಿನ ವರ್ಷ 44-38. ಅದು ಆರೋಗ್ಯದ ಕಥೆಯಲ್ಲ, ಬೆಳವಣಿಗೆಯ ಕಥೆ. ಕೇಡ್ ಕನ್ನಿಂಗ್‌ಹ್ಯಾಮ್ ಬೆಳೆದರು, ಸುತ್ತ ಬೀಸ್ಲಿ, ಹಾರ್ಡವೇ ತರಹದ ಶೂಟರ್‌ಗಳು ಬಂದರು, ಕೋಚ್ ಬದಲಾದರು. ನಿಮಿಷ ಎಷ್ಟು ಸರಿಯಾಗಿ ಹಂಚಿದರೂ ಅದು ಸಿಗುವುದಿಲ್ಲ. ಅದಕ್ಕೆ ಬೇರೆಯೇ ಕೆಲಸ ಬೇಕು.

ಆ ಬೇರೆ ಕೆಲಸ ಅಂದಾಗಲೇ ಮುಂದಿನ ಪ್ರಾಜೆಕ್ಟ್ ತಲೆಯಲ್ಲಿ ಓಡೋಕೆ ಶುರುವಾಗಿದೆ. ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎ! 2025ರಲ್ಲಿ ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ ಮೊದಲ ಸೀಸನ್‌ನಲ್ಲೇ 23-21 ಮಾಡಿ ಪ್ಲೇಆಫ್‌ಗೆ ಹೋಯಿತು. ಆ ಲೀಗಿನಲ್ಲಿ ಯಾವ ಹೊಸ ತಂಡವೂ ಮೊದಲ ವರ್ಷ ಅದನ್ನು ಮಾಡಿರಲಿಲ್ಲ. 2026ರಲ್ಲಿ ಟೊರಾಂಟೊ ಟೆಂಪೊ, ಪೋರ್ಟ್‌ಲೆಂಡ್ ಫೈರ್ ಬರುತ್ತವೆ. ಹಿಂದಿನ ವರ್ಷದ ದಾಖಲೆಯೇ ಇಲ್ಲದ ತಂಡಕ್ಕೆ ಮುನ್ನೋಟ ಬರೆಯುವುದು ಹೇಗೆ? ಇನ್ನೊಂದು ತಂಡದ ಬೆಂಚಿನಲ್ಲಿ ಕಡಿಮೆ ನಿಮಿಷ ಆಡಿದವರಿಗೆ ದಿಢೀರನೆ 30 ನಿಮಿಷ ಸಿಕ್ಕಾಗ ಏನಾಗುತ್ತದೆ ಅನ್ನುವುದೇ ಅಲ್ಲಿನ ಮುಖ್ಯ ಪ್ರಶ್ನೆ. ನನ್ನ ಕ್ಯೂ ಕೋಡ್‌ಗೂ ಅದರ ಉತ್ತರ ಬೇಕು.

ಅದಕ್ಕೂ ಮುಂಚೆ ಮುಗಿಸಬೇಕಾದ ಒಂದು ಕೆಲಸ ಇದೆ. ಟೂ-ವೇ ಒಪ್ಪಂದದ (ಎನ್‌ಬಿಎ ಮತ್ತು ಅದರ ಕೆಳಗಿನ ಲೀಗ್ ಎರಡರಲ್ಲೂ ಆಡುವ) ಆಟಗಾರರು ಸೀಸನ್‌ಗೆ 50 ಎನ್‌ಬಿಎ ಮ್ಯಾಚ್‌ಗಳಿಗೆ ಮಾತ್ರ ಲಭ್ಯ. ಕ್ಯೂನ ಕೊನೆಯಲ್ಲಿ ಇರುವುದು ಬಹಳ ಸಲ ಅವರೇ. ಆ ಮಿತಿಯನ್ನು ಕೋಡ್‌ಗೆ ಹಾಕಿ ಇನ್ನೊಮ್ಮೆ ಓಡಿಸಬೇಕು. ನಮ್ಮ ಗಡಿಯಾರದಲ್ಲಿ ಅಕ್ಟೋಬರ್ 22ರ ಬೆಳಗಿನ ಜಾವ 5 ಗಂಟೆಗೆ ಹ್ಯೂಸ್ಟನ್ ಮತ್ತು ಥಂಡರ್ ಮ್ಯಾಚ್. ಅದಕ್ಕೂ ಮುಂಚೆ ಕೊನೆಯ ಪಟ್ಟಿ ಹಾಕುತ್ತೇನೆ. ಮೂವತ್ತು ತಂಡಗಳಿಗೂ ಮಧ್ಯದ ಸಂಖ್ಯೆ ಇರುತ್ತದೆ, ಜೊತೆಗೆ ಮೇಲಿನ ಅಂಚು, ಕೆಳಗಿನ ಅಂಚು, ಹತ್ತನೆಯ ಆಟಗಾರನ ಹೆಸರು.