ಇಂಟರ್‌ನೆಟ್ ಎಲ್ಲಿಯವರೆಗೆ ಬಂದು ನಿಂತಿದೆ?

ಮನೆಯ ಇಂಟರ್‌ನೆಟ್ ಕೈಕೊಟ್ಟ ಕೂಡಲೇ ರೌಟರನ್ನು ಆರಿಸಿ ಮತ್ತೆ ಹಾಕುವುದು ಎಲ್ಲರಿಗೂ ಗೊತ್ತಿರುವ ಮದ್ದು. ಎಷ್ಟೋ ಸಲ ಅಷ್ಟರಿಂದಲೇ ಸರಿಹೋಗುತ್ತದೆ ಎಂಬುದು ನಿಜವಾದರೂ, ತೊಂದರೆ ಎಲ್ಲಿತ್ತು ಎಂಬುದು ತಿಳಿಯದೆ ಉಳಿಯುತ್ತದೆ. ಕೆಲವು ದಿನ ಕಳೆದು ಅದೇ ರಗಳೆ ಮರುಕಳಿಸಿದಾಗ ಮತ್ತೆ ಅದೇ ಸ್ವಿಚ್ಚಿನ ಮೊರೆ ಹೋಗಬೇಕಾಗುತ್ತದೆ. ಆದ್ದರಿಂದ ಯಾವುದನ್ನೂ ಮುಟ್ಟುವ ಮೊದಲು, ಸಂಪರ್ಕ ಎಲ್ಲಿಯವರೆಗೆ ಸರಿಯಾಗಿದೆ, ಎಲ್ಲಿಂದ ಮುಂದೆ ಕಡಿದಿದೆ ಎಂಬುದನ್ನು ನೋಡಿಕೊಳ್ಳುವ ಕ್ರಮವನ್ನು ನಾನು ರೂಢಿಸಿಕೊಂಡಿದ್ದೇನೆ.

ಫೈಬರ್ ಸಂಪರ್ಕವಿದ್ದರೆ ಮೊದಲು ಫೈಬರ್ ಬಂದು ಸೇರುವ ಪೆಟ್ಟಿಗೆಯ ದೀಪಗಳನ್ನು ಗಮನಿಸಬೇಕು. 'ಎಲ್‌ಒಎಸ್' ಎಂಬ ದೀಪ ಕೆಂಪಗೆ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ, ಬರಬೇಕಾದ ಬೆಳಕಿನ ಸಂಕೇತ ಪೆಟ್ಟಿಗೆಯನ್ನು ತಲುಪುತ್ತಿಲ್ಲ ಎಂದರ್ಥ. ಆಗ ಕಂಪ್ಯೂಟರ್‌ನಲ್ಲಿ ಏನು ಬದಲಾಯಿಸಿದರೂ ಪ್ರಯೋಜನವಿಲ್ಲ. ಆ ತೆಳ್ಳನೆಯ ಎಳೆ ಬಾಗಿಲ ಸಂದಿಗೆ ಸಿಕ್ಕಿದೆಯೇ, ಎಲ್ಲಾದರೂ ಚೂಪಾಗಿ ಮಡಿಸಿಕೊಂಡಿದೆಯೇ ಎಂದು ನೋಡಿ, ಹಾಗೇನೂ ಇಲ್ಲದಿದ್ದರೆ ದೂರು ದಾಖಲಿಸಬೇಕಷ್ಟೆ. ಫೈಬರ್‌ನ ತುದಿಯನ್ನು ಬಿಚ್ಚಿ ಕಣ್ಣಿನ ಹತ್ತಿರ ಹಿಡಿದು ನೋಡುವ ಕುತೂಹಲ ಮಾತ್ರ ಬೇಡ. ಅದರಲ್ಲಿ ಹರಿಯುವ ಲೇಸರ್ ಬರಿಗಣ್ಣಿಗೆ ಕಾಣುವಂಥದ್ದಲ್ಲ.

ರೌಟರ್‌ನ ಹಿಂಬದಿಯ ಸಣ್ಣ ತೂತಿನೊಳಗೆ ಪಿನ್ನು ತೂರಿಸಿ ರೀಸೆಟ್ ಮಾಡಿ ಎಂಬ ಸಲಹೆಯನ್ನು ಧಾರಾಳವಾಗಿ ಕೊಡುವವರಿದ್ದಾರೆ. ನನಗೆ ಇದರಷ್ಟು ಕೆಟ್ಟ ಸಲಹೆ ಬೇರೊಂದಿಲ್ಲ ಎನಿಸುತ್ತದೆ. ರೌಟರ್ ಲಾಗಿನ್ ಆದ ಮೇಲಷ್ಟೇ ಇಂಟರ್‌ನೆಟ್ ಸಿಗುವ ಪಿಪಿಪಿಒಇ ಪದ್ಧತಿಯ ಸಂಪರ್ಕಗಳಲ್ಲಿ ಸೇವಾದಾರರು ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್‌ಗಳು ಆ ರೌಟರ್‌ನೊಳಗೇ ಇರುತ್ತವೆ. ರೀಸೆಟ್ ಮಾಡಿದರೆ ಅವು ವೈಫೈ ಹೆಸರಿನ ಸಮೇತ ಅಳಿಸಿಹೋಗಿ, ಇದ್ದ ಒಂದು ತೊಂದರೆಯ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ.

ದೀಪಗಳು ಸರಿಯಾಗಿದ್ದೂ ಕಂಪ್ಯೂಟರ್‌ನಲ್ಲಿ ಇಂಟರ್‌ನೆಟ್ ಬರದಿದ್ದರೆ, ವಿಂಡೋಸ್‌ನ ಕಮ್ಯಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' (ipconfig) ಎಂಬ ಆದೇಶ ಕೊಟ್ಟು ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರನ್ನು ಗುರುತಿಸುವ ಅಂಕಿಗಳನ್ನು ನೋಡಬೇಕು. ಮನೆಯ ರೌಟರ್ ಕೊಡುವ ವಿಳಾಸ ಸಾಮಾನ್ಯವಾಗಿ 192.168 ಎಂದು ಶುರುವಾಗುತ್ತದೆ. ಅದರ ಬದಲು 169.254 ಎಂದು ಶುರುವಾಗುವ ವಿಳಾಸ ಕಂಡರೆ, ಕಂಪ್ಯೂಟರ್ ವಿಳಾಸ ಕೇಳಿದೆ, ಯಾರಿಂದಲೂ ಉತ್ತರ ಬಂದಿಲ್ಲ, ಕೊನೆಗೆ ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬಹುದು. ಅಂದರೆ ತೊಂದರೆ ಇರುವುದು ಮನೆಯೊಳಗೇ, ಕಂಪ್ಯೂಟರ್ ಮತ್ತು ರೌಟರ್‌ಗಳ ನಡುವೆ. ಸೇವಾದಾರರಿಗೆ ಫೋನ್ ಮಾಡಿ ಕೂಗಾಡುವುದು ದಂಡ.

ವಿಳಾಸ ಸರಿಯಾಗಿದ್ದರೆ ಮುಂದಿನ ಕೆಲಸ, ಆ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ಕೂಗಿ ನೋಡುವ ಪಿಂಗ್ (ping) ಆದೇಶದ್ದು. ಅದೇ ಪರದೆಯಲ್ಲಿ 'ಡಿಫಾಲ್ಟ್ ಗೇಟ್‌ವೇ' ಎಂದು ಕಾಣುವ ವಿಳಾಸ ರೌಟರ್‌ನದು. ಮೊದಲು ಅದಕ್ಕೆ ಪಿಂಗ್ ಮಾಡಿ, ಉತ್ತರ ಬಂದರೆ ಗೂಗಲ್‌ನ 8.8.8.8 ಎಂಬ ವಿಳಾಸಕ್ಕೂ, ಕೊನೆಗೆ ಯಾವುದಾದರೂ ಜಾಲತಾಣದ ಹೆಸರಿಗೂ ಪಿಂಗ್ ಮಾಡಬೇಕು. ರೌಟರ್ ಉತ್ತರಿಸಿ 8.8.8.8 ಉತ್ತರಿಸದಿದ್ದರೆ ತೊಂದರೆ ಬಹುಮಟ್ಟಿಗೆ ರೌಟರ್‌ನಿಂದಾಚೆಗಿದೆ. ಅಂಕಿಯ ವಿಳಾಸ ಉತ್ತರಿಸಿ, ಹೆಸರು ಮಾತ್ರ ಸಿಗಲಿಲ್ಲ ಎಂಬ ಸಂದೇಶ ಬಂದರೆ ಸಂಪರ್ಕ ಸರಿಯಾಗಿಯೇ ಇದೆ. ಹೆಸರನ್ನು ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್ ಸರ್ವರ್ ಕೆಲಸ ಮಾಡುತ್ತಿಲ್ಲ. 'ಬ್ರೌಸರ್‌ನಲ್ಲಿ ಏನೂ ತೆರೆಯುವುದಿಲ್ಲ, ಆದರೆ ಆಗಲೇ ಶುರುವಾಗಿದ್ದ ಡೌನ್‌ಲೋಡ್ ಮಾತ್ರ ನಡೆಯುತ್ತಲೇ ಇದೆ' ಎಂಬ ವಿಚಿತ್ರ ದೂರಿನ ಹಿಂದೆ ಇದೇ ಕಾರಣ ಇರಬಹುದು. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ವಿಳಾಸವನ್ನು 8.8.8.8 ಅಥವಾ 1.1.1.1 ಎಂದು ಬದಲಿಸಿದರೆ ಹೆಚ್ಚಿನ ಸಂದರ್ಭಗಳಲ್ಲಿ ಪುಟಗಳು ತೆರೆಯತೊಡಗುತ್ತವೆ.

ಇಂಟರ್‌ನೆಟ್ ಇದೆ, ಆದರೆ ನಿಧಾನ ಎಂಬ ದೂರನ್ನು ಪತ್ತೆಹಚ್ಚುವುದು ಇದಕ್ಕಿಂತ ಸ್ವಾರಸ್ಯದ ಕೆಲಸ. ನನ್ನ ಮೇಜಿನ ಕಂಪ್ಯೂಟರ್‌ನಲ್ಲಿ ವೇಗ ಒಮ್ಮೆ ಇದ್ದಕ್ಕಿದ್ದಂತೆ 95 ಎಂಬಿಪಿಎಸ್ ಆಸುಪಾಸಿಗೆ ಇಳಿದು ಅಲ್ಲಿಯೇ ನಿಂತುಬಿಟ್ಟಿತು. ಅದೇ ಹೊತ್ತಿನಲ್ಲಿ ಫೋನ್‌ನ ವೈಫೈ ಅದರ ಎರಡರಷ್ಟು ವೇಗ ತೋರಿಸುತ್ತಿತ್ತು. ಈಥರ್‌ನೆಟ್ ಕೇಬಲ್‌ನೊಳಗೆ 8 ತಂತಿಗಳಿರುತ್ತವೆ. 1000 ಎಂಬಿಪಿಎಸ್ ವೇಗಕ್ಕೆ ಎಂಟೂ ಬೇಕು, 100 ಎಂಬಿಪಿಎಸ್‌ಗೆ 4 ಸಾಕು. ಹಾಗಾಗಿ ಉಳಿದ ನಾಲ್ಕರಲ್ಲಿ ಒಂದು ತಂತಿ ತುಂಡಾದರೂ ಸಂಪರ್ಕ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಸೆಟ್ಟಿಂಗ್‌ನ ಈಥರ್‌ನೆಟ್ ಪುಟದಲ್ಲಿ 'ಲಿಂಕ್ ಸ್ಪೀಡ್' 100 ಎಂದೇ ಇತ್ತು. ಕೇಬಲನ್ನು ಬೆರಳಿಂದ ಸವರುತ್ತ ಹೋದಾಗ ಮೇಜಿನ ಕಾಲಿನಡಿ ಸಿಕ್ಕಿ ಚಪ್ಪಟೆಯಾದ ಜಾಗ ಕೈಗೆ ತಗುಲಿತು. ಬೇರೆ ಕೇಬಲ್ ಹಾಕಿದ ಮೇಲೆ ಅದು 1000 ಎಂದಾಯಿತು. ಕೇಬಲ್ ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿದು, ಪ್ಲಗ್ ಸಡಿಲವಾಗಿ ಕೂತಿದ್ದರೂ ಹೀಗೆಯೇ ಆಗಬಹುದು.

ವೈಫೈ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅದರ ಎರಡು ತರಂಗಪಟ್ಟಿಗಳ ಪೈಕಿ 5 ಗಿಗಾಹರ್ಟ್ಸ್‌ನದಕ್ಕೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ, 2.4 ಗಿಗಾಹರ್ಟ್ಸ್‌ನದು ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ವೈಫೈ ಜೊತೆ ಗುದ್ದಾಡುತ್ತದೆ. ಅದರಲ್ಲಿ 1, 6, 11 ಎಂಬ ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲವಾದ್ದರಿಂದ, ಅವುಗಳ ಪೈಕಿ ಬಿಡುವಾಗಿರುವ ಒಂದನ್ನು ರೌಟರ್‌ನಲ್ಲಿ ಆರಿಸಿಕೊಂಡರಾಯಿತು.

ಎಲ್ಲವೂ ಸರಿಯಿದ್ದು, ಪ್ರತಿ ಜಾಲತಾಣವೂ ಸುರಕ್ಷಿತವಲ್ಲ ಎಂದು ಬ್ರೌಸರ್ ಹಟ ಹಿಡಿದರೆ ಕಂಪ್ಯೂಟರ್‌ನ ದಿನಾಂಕವನ್ನು ನೋಡಿ. ಹಳೆಯ ಕಂಪ್ಯೂಟರ್‌ನ ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಾಕಾರದ ಬ್ಯಾಟರಿ ಖಾಲಿಯಾದರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ಆಗ ಜಾಲತಾಣಗಳ ಪ್ರಮಾಣಪತ್ರಗಳು ಅದರ ಲೆಕ್ಕದಲ್ಲಿ ಇನ್ನೂ ಜಾರಿಗೇ ಬಂದಿರುವುದಿಲ್ಲ.

ಕೊನೆಗೂ ದೂರು ಕೊಡಲೇಬೇಕಾಗಿ ಬಂದರೆ, ಯಾವ ದೀಪ ಯಾವ ಬಣ್ಣದಲ್ಲಿದೆ, ರೌಟರ್‌ಗೆ ಪಿಂಗ್ ಹೋಗುತ್ತಿದೆಯೇ, 8.8.8.8ಕ್ಕೆ ಹೋಗುತ್ತಿದೆಯೇ ಎಂಬುದನ್ನು ಬರೆದಿಟ್ಟುಕೊಂಡು ಫೋನ್ ಮಾಡುವುದು ಒಳ್ಳೆಯದು. ಆ ಕಡೆಯವರು ಮೊದಲು ಹೇಳುವುದು ರೌಟರ್ ಆರಿಸಿ ಹಾಕಿ ಎಂದೇ. ಈ ವಿವರಗಳನ್ನು ಕೊಟ್ಟರೆ ಮಾತು ಅದಕ್ಕಿಂತ ಬೇಗ ಮುಂದಕ್ಕೆ ಹೋಗುತ್ತದೆ.